ದ್ವೀಪಾಂತರದ ಮನೆ

ನಮ್ಮ ಮನೆಗಳಲ್ಲಿ ಯಾವ ಶುಭಕಾರ್ಯವೇ ಆಗಲಿ, ಸಂಕಲ್ಪವಿಲ್ಲದೆ ತೊಡಗುವುದಿಲ್ಲ. ಆ ಸಂಕಲ್ಪದಲ್ಲಿ ಕರ್ತೃವಾದವನು ತಾನು ಯಾವ ಮನ್ವಂತರದಲ್ಲಿ, ಯಾವ ಯುಗದ ಯಾವ ಪಾದದಲ್ಲಿ ಇದ್ದೇನೆಂಬುದನ್ನು ಹೇಳಿಕೊಳ್ಳುವಂತೆಯೇ, ಯಾವ ದ್ವೀಪದ ಯಾವ ವರ್ಷದಲ್ಲಿ, ಯಾವ ನದಿಯ ಯಾವ ದಡದಲ್ಲಿ ಕುಳಿತಿದ್ದೇನೆಂಬುದನ್ನೂ ಹೇಳಿಕೊಳ್ಳುತ್ತಾನೆ. ಜಂಬೂದ್ವೀಪ, ಭರತವರ್ಷ, ಗೋದಾವರಿಯ ದಕ್ಷಿಣತೀರ ಎಂಬ ಈ ವಿಳಾಸವು ಕನ್ನಡನಾಡಿನ ಗೃಹಸ್ಥನಿಗೆ ಬಾಲ್ಯದಿಂದಲೂ ಕಿವಿಗೆ ಬಿದ್ದದ್ದು. ಅದರ ಅರ್ಥವನ್ನು ಯೋಚಿಸುವ ಪ್ರಸಂಗ ಅವನಿಗೆ ಸಾಮಾನ್ಯವಾಗಿ ಒದಗುವುದೇ ಇಲ್ಲ. ಆದರೆ ಅವನು ಕೆರಿಬಿಯನ್ ಸಮುದ್ರದ ಒಂದು ದ್ವೀಪದಲ್ಲಿ ಮನೆಯನ್ನು ಕೊಂಡು, ಹೆಂಡತಿ ಮಕ್ಕಳೊಡನೆ ಅಲ್ಲಿಗೆ ಹೋಗಿ, ಹಾಲುಕ್ಕಿಸಿ ಗೃಹಪ್ರವೇಶ ಮಾಡಬೇಕೆಂದು ಕುಳಿತಾಗ, ಪುರೋಹಿತರು ಆ ಸ್ಥಳದಲ್ಲಿ ಅವನಿಂದ ಏನನ್ನು ಹೇಳಿಸಬೇಕು? ಅಮೆರಿಕದ ದೇವಾಲಯಗಳಲ್ಲಿ ಕ್ರೌಂಚದ್ವೀಪವೆಂಬ ಪುರಾಣೋಕ್ತವಾದ ಹೆಸರನ್ನು ಬಳಕೆಗೆ ತಂದುಕೊಂಡಿರುವುದುಂಟು. ಹೆಸರೇನೋ ದೊರೆಯಿತು, ಹೆಸರಿನ ಹಿಂದಿರುವ ಪ್ರಶ್ನೆ ಮಾತ್ರ ಹಾಗೆಯೇ ಉಳಿಯಿತು.

ಆ ಪ್ರಶ್ನೆ ಸಣ್ಣದಲ್ಲ. ವಿಷ್ಣುಪುರಾಣವು ಭೂಮಂಡಲದ ವರ್ಷಗಳನ್ನು ವರ್ಣಿಸುತ್ತ ಭಾರತವೊಂದೇ ಕರ್ಮಭೂಮಿ, ಮಿಕ್ಕವು ಭೋಗಭೂಮಿಗಳು ಎಂದು ವಿಂಗಡಿಸುತ್ತದೆ. ಆ ಭೋಗಭೂಮಿಗಳಲ್ಲಿ ಶೋಕವಿಲ್ಲ, ಆಯಾಸವಿಲ್ಲ, ಹಸಿವಿನ ಭಯವಿಲ್ಲ. ಆದಕಾರಣವೇ ಅಲ್ಲಿ ಪುಣ್ಯವನ್ನು ಗಳಿಸುವ ಅವಕಾಶವೂ ಇಲ್ಲ, ಬಿಡುಗಡೆಯ ದಾರಿಯೂ ಇಲ್ಲ. ಇಂದು ಕೆರಿಬಿಯನ್ ದ್ವೀಪಗಳಲ್ಲಿ ಮನೆಗಳನ್ನು ಮಾರುವವರು ಕೊಳ್ಳುವವರ ಕಣ್ಣಮುಂದೆ ಹರಡುವ ಚಿತ್ರಗಳನ್ನು ನೋಡಿದರೆ, ಪುರಾಣಕಾರನ ಭೋಗಭೂಮಿಯ ವರ್ಣನೆಯೇ ನೆನಪಿಗೆ ಬರುತ್ತದೆ: ಬಿಳಿಯ ಮರಳು, ತೆಂಗಿನ ನೆರಳು, ಚಳಿಯಿಲ್ಲದ ವರ್ಷ, ಆದಾಯದ ಮೇಲೆ ತೆರಿಗೆಯಿಲ್ಲದ ಶಾಸನ. ಅಂಥ ನೆಲದಲ್ಲಿ ಒಬ್ಬನು ಧರ್ಮವನ್ನು ನಡೆಸಬಹುದೆ, ಇಲ್ಲವೆ ಸುಖವನ್ನು ಉಣ್ಣುವುದಷ್ಟೆ ಅಲ್ಲಿ ಸಾಧ್ಯವೆ ಎಂಬುದು ಇಲ್ಲಿ ವಿಚಾರಮಾಡಬೇಕಾದ ವಿಷಯ.

ಸಮುದ್ರವನ್ನು ದಾಟುವುದೇ ದೋಷವೆಂದು ನಮ್ಮ ಧರ್ಮಶಾಸ್ತ್ರಗಳು ಹೇಳಿದುವಷ್ಟೆ. ಬೌಧಾಯನನು ಸಮುದ್ರಯಾನವನ್ನು ಪಾತಿತ್ಯವನ್ನು ತರುವ ಕರ್ಮಗಳ ಸಾಲಿನಲ್ಲಿ ಸೇರಿಸುತ್ತಾನೆ. ಮನುಸ್ಮೃತಿಯು ಸಮುದ್ರಯಾಯಿಯನ್ನು ಶ್ರಾದ್ಧದ ಪಂಕ್ತಿಗೆ ಕರೆಯಬಾರದವರ ಪಟ್ಟಿಯಲ್ಲಿ ಇಡುತ್ತದೆ. ಮುಂದೆ ಕಲಿವರ್ಜ್ಯಗಳಲ್ಲಿಯೂ ಅದು ಸೇರಿತು. ಆದರೆ ಅದೇ ಬೌಧಾಯನನು ಉತ್ತರದೇಶದವರ ವಿಶೇಷಾಚಾರಗಳನ್ನು ಎಣಿಸುವಾಗ ಸಮುದ್ರಯಾನವನ್ನೂ ಎಣಿಸುತ್ತಾನೆಂಬುದನ್ನು ಮರೆಯಬಾರದು. ಎಂದರೆ ನಿಷೇಧವನ್ನು ಬರೆದ ಕಾಲದಲ್ಲಿಯೂ ಜನ ಹಡಗನ್ನು ಏರುತ್ತಲೇ ಇದ್ದರು. ಇದು ಮುಗಿದುಹೋದ ಚರ್ಚೆಯೆಂದು ತಿಳಿಯುವವರು ಉಡುಪಿಯನ್ನು ನೆನೆಯಬೇಕು. ಪುತ್ತಿಗೆ ಮಠದ ಶ್ರೀ ಸುಗುಣೇಂದ್ರತೀರ್ಥರು ವಿದೇಶಯಾತ್ರೆ ಮಾಡಿ ಬಂದವರಾದುದರಿಂದ, 2008ರ ಅವರ ಪರ್ಯಾಯದ ಕಾಲದಲ್ಲಿ, ಸಾಗರೋಲ್ಲಂಘನ ಮಾಡಿದ ಯತಿಯು ಶ್ರೀಕೃಷ್ಣನ ವಿಗ್ರಹವನ್ನು ಮುಟ್ಟಿ ಪೂಜಿಸಬಹುದೆ ಎಂಬ ವಾದವು ನಮ್ಮ ನಾಡಿನಲ್ಲೆಲ್ಲ ನಡೆಯಿತು. ಯತಿಧರ್ಮದ ಕಟ್ಟಳೆ ಬೇರೆ, ಗೃಹಸ್ಥನದು ಬೇರೆ. ಅದನ್ನು ಬಲ್ಲವರೇ ತೀರ್ಮಾನಿಸಲಿ. ಗೃಹಸ್ಥನ ಮಟ್ಟಿಗೆ ನನಗೆ ತೋರುವುದಿಷ್ಟು: ಉಪ್ಪುನೀರಿನಲ್ಲಿ ಮೈಲಿಗೆಯೇನೂ ಇಲ್ಲ, ನಿತ್ಯಕರ್ಮ ತಪ್ಪೀತು, ಪಿತೃಗಳಿಗೆ ತರ್ಪಣ ನಿಂತೀತು, ಮಗನಿಗೆ ಉಪನಯನ ಮಾಡಿಸುವವರಿಲ್ಲದೆ ಹೋದೀತು ಎಂಬ ಭಯವೇ ಆ ನಿಷೇಧದ ಬೇರು. ಆ ಭಯ ನಿಜವಾಯಿತೆ ಸುಳ್ಳಾಯಿತೆ ಎಂಬುದನ್ನು ಊಹೆಯಿಂದ ಹೇಳಬೇಕಾಗಿಲ್ಲ, ಟ್ರಿನಿಡಾಡ್ ದ್ವೀಪವು ಹೇಳುತ್ತದೆ.

ಕಲ್ಕತ್ತೆಯಿಂದ ಹೊರಟ ‘ಫತೇಲ್ ರಜಾಕ್’ ಎಂಬ ಹಡಗು, ಮೂರು ತಿಂಗಳಿಗೂ ಮೀರಿದ ಪ್ರಯಾಣದ ತರುವಾಯ, 1845ನೆಯ ಇಸವಿ ಮೇ 30ರಂದು ಇನ್ನೂರಕ್ಕೂ ಹೆಚ್ಚು ಮಂದಿ ಕೂಲಿಯವರನ್ನು ಆ ದ್ವೀಪದಲ್ಲಿ ಇಳಿಸಿತು. ಗುಲಾಮಗಿರಿ ರದ್ದಾದ ಮೇಲೆ ಕಬ್ಬಿನ ತೋಟಗಳಿಗೆ ಆಳು ಸಾಲದೆ ಇಂಗ್ಲಿಷರು ಹೂಡಿದ ಕರಾರಿನ ಪದ್ಧತಿಯಿದು. ಅದು 1917ರಲ್ಲಿ ನಿಲ್ಲುವ ಹೊತ್ತಿಗೆ ಒಂದು ಲಕ್ಷ ನಲವತ್ತು ಸಾವಿರಕ್ಕೂ ಮಿಕ್ಕ ಜನ, ಬಹುಪಾಲು ಭೋಜಪುರಿ ಮತ್ತು ಅವಧಿ ಸೀಮೆಯವರು, ಕೆಲವರು ಮದರಾಸಿನ ಬಂದರಿನಿಂದ ಹೋದವರು, ಅಲ್ಲಿಗೆ ಸೇರಿದ್ದರು. ಒಂದೇ ಹಡಗಿನಲ್ಲಿ ಬಂದವರು ಒಬ್ಬರನ್ನೊಬ್ಬರು ‘ಜಹಾಜಿ ಭಾಯಿ’ ಎಂದು ಕರೆದುಕೊಂಡರು. ಜಾತಿಗಳು ಕಲಸಿಹೋದ ಆ ಹಡಗಿನಲ್ಲಿ ಹುಟ್ಟಿದ ಈ ಹೊಸ ಬಾಂಧವ್ಯವನ್ನು ಅವರು ರಕ್ತಸಂಬಂಧದಷ್ಟೇ ಗಾಢವಾಗಿ ಎಣಿಸಿದರು. ಜಹಾಜಿ ಭಾಯಿಯ ಮಗಳು ತಮ್ಮ ಮಗಳಂತೆಯೇ ಆದುದರಿಂದ ಅವರ ಮಕ್ಕಳ ನಡುವೆ ವಿವಾಹವನ್ನು ಸಹ ಒಲ್ಲದವರಿದ್ದರು. ಇಂಥ ಕಟ್ಟಳೆಯನ್ನು ತಾವಾಗಿ ವಿಧಿಸಿಕೊಂಡ ಜನವನ್ನು ಧರ್ಮಭ್ರಷ್ಟರೆನ್ನುವುದಕ್ಕೆ ಯಾವ ಸ್ಮೃತಿಕಾರನಿಗೆ ನಾಲಗೆ ಬಂದೀತು?

ಕರಾರು ತೀರಿದವನಿಗೆ ಊರಿಗೆ ಮರಳುವ ಹಡಗಿನ ವೆಚ್ಚವನ್ನು ಸರ್ಕಾರ ಕೊಡಬೇಕಾಗಿತ್ತು. 1869ರಲ್ಲಿ ಅಲ್ಲಿನ ಗವರ್ನರು ಆರ್ಥರ್ ಗಾರ್ಡನ್ ಎಂಬುವರು, ಆ ಹಕ್ಕನ್ನು ಬಿಟ್ಟುಕೊಟ್ಟವನಿಗೆ ಅದಕ್ಕೆ ಬದಲಾಗಿ ಹತ್ತು ಎಕರೆ ಸರ್ಕಾರಿ ಭೂಮಿಯನ್ನು ಕೊಡುವ ಏರ್ಪಾಟನ್ನು ಆರಂಭಿಸಿದರು. ಈ ವಿನಿಮಯದ ಮುಂದೆ ನಾವು ಸ್ವಲ್ಪ ಹೊತ್ತು ನಿಲ್ಲಬೇಕು. ಹುಟ್ಟಿದ ಊರಿಗೆ ಹಿಂದಿರುಗುವ ಹಕ್ಕೇ ಅಲ್ಲಿ ಭೂಮಿಯ ಬೆಲೆ; ಗಂಗೆಯ ದಡದಲ್ಲಿ ಸಾಯುವ ಆಸೆಯನ್ನು ತೆತ್ತು ಅವನು ಕಾಡಿನ ಹತ್ತು ಎಕರೆಯನ್ನು ಕೊಂಡನು. ಹಣಕ್ಕೆ ಕೊಂಡವನು ಮತ್ತೆ ಹಣಕ್ಕೆ ಮಾರಬಹುದು. ಹೀಗೆ ಕೊಂಡವನು ಆ ನೆಲಕ್ಕೆ ತನ್ನನ್ನೇ ಒಪ್ಪಿಸಿಕೊಂಡಂತಾಯಿತು. ಅಷ್ಟಾಗಿಯೂ ರಾಜ್ಯವು ಅವನನ್ನು ಪೂರ್ತಿಯಾಗಿ ಒಪ್ಪಲಿಲ್ಲ. ಅಗ್ನಿಸಾಕ್ಷಿಯಾಗಿ ಪಂಡಿತನು ನಡೆಸಿದ ವಿವಾಹಕ್ಕೆ 1946ರವರೆಗೂ ಅಲ್ಲಿನ ಶಾಸನದಲ್ಲಿ ಮಾನ್ಯತೆಯಿರಲಿಲ್ಲವಾಗಿ, ಅಂಥ ದಂಪತಿಗಳ ಮಕ್ಕಳು ತಂದೆಯ ಹೊಲಕ್ಕೆ ಔರಸ ವಾರಸುದಾರರೆನಿಸಿಕೊಳ್ಳುವುದೇ ಕಷ್ಟವಾಗಿತ್ತು.

ಇಂಥವರು ಆ ನೆಲದಲ್ಲಿ ಏನು ಮಾಡಿದರೆಂಬುದನ್ನು ಅಲ್ಲಿನ ಯಾವ ಹಿಂದೂ ಮನೆಯ ಮುಂದೆ ನಿಂತರೂ ಕಾಣಬಹುದು. ಅಂಗಳದ ಒಂದು ಮೂಲೆಯಲ್ಲಿ ಬಿದಿರಗಳುಗಳನ್ನು ನೆಟ್ಟು, ಅವುಗಳ ತುದಿಗೆ ಮುಮ್ಮೂಲೆಯ ಬಣ್ಣದ ಬಟ್ಟೆಗಳನ್ನು ಕಟ್ಟಿರುತ್ತಾರೆ. ಇದಕ್ಕೆ ‘ಝಂಡಿ’ ಎಂದು ಹೆಸರು. ಹನುಮಂತನಿಗೆ ಕೆಂಪು, ದುರ್ಗೆಗೆ ಹಳದಿ. ಮನೆಯಲ್ಲಿ ಪೂಜೆ ನಡೆದಾಗ ಒಂದು ಗಳುವನ್ನು ನೆಡುತ್ತಾರೆ. ಬಟ್ಟೆಯು ಬಿಸಿಲಿಗೆ ಬೆಳ್ಳಗಾಗಿ, ಗಾಳಿಗೆ ಎಳೆಯೆಳೆಯಾಗಿ ಹೋಗುವವರೆಗೆ ಅದನ್ನು ಹಾಗೆಯೇ ಬಿಡುತ್ತಾರೆ. ಅದರ ಪಕ್ಕದಲ್ಲಿ ಮುಂದಿನ ಪೂಜೆಯ ಹೊಸ ಗಳು ನಿಲ್ಲುತ್ತದೆ. ಬ್ಲಾಂಷಿಸೂಸ್ ಎಂಬಲ್ಲಿ ಹರಿಯುವ ಮಾರಿಯಾನ್ ನದಿಗೆ ಗಂಗೆಯ ಭಾವದಿಂದ ಪೂಜೆ ಸಲ್ಲಿಸುವ ‘ಗಂಗಾಧಾರಾ’ ಉತ್ಸವವುಂಟು. ಸಿಪಾರಿಯಾ ಊರಿನ ಕ್ಯಾಥೊಲಿಕ್ ಇಗರ್ಜಿಯಲ್ಲಿರುವ ಕಪ್ಪುಬಣ್ಣದ ಮೇರಿಮಾತೆಯನ್ನು ‘ಸಿಪಾರಿ ಮಾಯಿ’ ಎಂದು ಕರೆದು, ಕ್ರೈಸ್ತರ ಪವಿತ್ರ ವಾರದಲ್ಲಿ ಸಾವಿರಾರು ಹಿಂದೂಗಳು ಅಕ್ಕಿ, ಎಣ್ಣೆ, ಹೂವುಗಳನ್ನು ಅರ್ಪಿಸುತ್ತಾರೆ. ದೇವಿ ತಾವು ಬಿಟ್ಟುಬಂದ ನಾಡಿನಲ್ಲಿಯೇ ಉಳಿದಳೆಂದು ಭಾವಿಸದೆ, ತಾವು ಬಂದ ನೆಲದಲ್ಲಿ ಅವಳು ಮೊದಲೇ ನೆಲಸಿದ್ದಳೆಂದು ಕಂಡುಕೊಂಡ ಜನವಿದು. ಭೋಗಭೂಮಿ ಕರ್ಮಭೂಮಿಯಾದ ಬಗೆಯನ್ನು ನಾನು ಇದಕ್ಕಿಂತ ಸ್ಪಷ್ಟವಾಗಿ ಬೇರೆಲ್ಲಿಯೂ ಕಾಣೆ.

ಆದರೂ ನನ್ನ ಮನಸ್ಸನ್ನು ಎಲ್ಲಕ್ಕಿಂತ ಹೆಚ್ಚಾಗಿ ಸೆಳೆದವನು ಶಿವದಾಸ ಸಾಧು ಎಂಬ ಒಬ್ಬ ಕೂಲಿಕಾರ. ಬಾಲ್ಯದಲ್ಲಿಯೇ ತಂದೆತಾಯಿಗಳೊಡನೆ ಕರಾರಿನ ಮೇಲೆ ಬಂದವನು ಈತ. ದ್ವೀಪದ ಪಶ್ಚಿಮ ತೀರದ ವಾಟರ್‌ಲೂ ಎಂಬ ಹಳ್ಳಿಯಲ್ಲಿ, 1947ರಲ್ಲಿ, ಕಡಲ ಅಂಚಿಗೆ ಒಂದು ಸಣ್ಣ ಗುಡಿಯನ್ನು ಕಟ್ಟಿದನು. ನೆಲ ಸಕ್ಕರೆ ಕಂಪನಿಯದು. ಕಂಪನಿಯವರು ಗುಡಿಯನ್ನು ಕೀಳೆಂದರು. ದೇವರನ್ನು ನೆಲೆಗೊಳಿಸಿದ ಕೈಯಿಂದ ಕೀಳಲಾರೆನೆಂದು ಅವನು ನಿಂತನು. ವ್ಯಾಜ್ಯವಾಗಿ, ಅವನಿಗೆ ಸೆರೆಯೂ ದಂಡವೂ ಆಗಿ, ಗುಡಿಯನ್ನು ಯಂತ್ರದಿಂದ ಉರುಳಿಸಿದರು. ಸೆರೆಯಿಂದ ಬಂದವನು ಯಾವ ಕಂಪನಿಯ ಪಟ್ಟೆಯೂ ತಲಪದ ಕಡೆಗೆ, ಎಂದರೆ ಸಮುದ್ರದೊಳಕ್ಕೇ, ಹೊರಟನು. ಪಾರಿಯಾ ಖಾರಿಯ ನೀರು ಅಲ್ಲಿ ತಗ್ಗು. ಇಳಿತದ ಹೊತ್ತಿನಲ್ಲಿ ಕೆಸರು ಬಯಲಾಗುತ್ತದೆ. ಒಂದು ಹಳೆಯ ಸೈಕಲ್ಲಿಗೆ ಬಕೀಟುಗಳನ್ನು ತೂಗುಹಾಕಿ, ಕಲ್ಲನ್ನೂ ಮರಳನ್ನೂ ಸಿಮೆಂಟನ್ನೂ ಹೊತ್ತು, ನೀರು ಹಿಂದಕ್ಕೆ ಸರಿದಾಗಲೆಲ್ಲ ಒಳಗೆ ನಡೆದು, ಅದು ಏರುವ ಮುನ್ನ ಹಿಂದಿರುಗಿ, ಹೊಲಗೆಲಸದ ದಿನಗಳ ನಡುವೆ ಬಿಡುವು ಮಾಡಿಕೊಂಡು, ಜನ ಹುಚ್ಚನೆಂದರೂ ಲೆಕ್ಕಿಸದೆ, ಸುಮಾರು 25 ವರ್ಷಗಳ ಕಾಲ ಅವನು ನೀರಿನಲ್ಲಿ ನೆಲವನ್ನು ಮಾಡಿ ಅದರ ಮೇಲೆ ಶಿವನ ಮನೆಯನ್ನು ಕಟ್ಟಿದನು.

ಈ ಕಥೆಯನ್ನು ಓದುವಾಗ ಮೀಮಾಂಸಾಶಾಸ್ತ್ರದ ಒಂದು ಅಧಿಕರಣವು ನೆನಪಿಗೆ ಬರುತ್ತದೆ. ವಿಶ್ವಜಿತ್ ಎಂಬ ಯಾಗದಲ್ಲಿ ಯಜಮಾನನು ತನ್ನ ಸರ್ವಸ್ವವನ್ನೂ ದಾನಮಾಡಬೇಕು. ಹಾಗಾದರೆ ಯಾಗಮಾಡುವ ಚಕ್ರವರ್ತಿಯು ಭೂಮಿಯನ್ನೇ ದಾನಮಾಡಬಹುದೆ? ಸೂತ್ರಕಾರನಾದ ಜೈಮಿನಿಯ ಉತ್ತರ, ಕೂಡದೆಂದು. ಭೂಮಿ ಎಲ್ಲರಿಗೂ ಸಮಾನವಾದುದರಿಂದ ಅದು ಯಾರೊಬ್ಬನ ಸ್ವತ್ತೂ ಅಲ್ಲವೆಂದು. ಭಾಷ್ಯಕಾರನಾದ ಶಬರಸ್ವಾಮಿಯು ಇದನ್ನು ಇನ್ನೂ ಬಿಡಿಸಿ, ಮನುಷ್ಯರು ಹೊಲಗಳಿಗೆ ಒಡೆಯರಾಗಬಹುದು, ಭೂಮಂಡಲಕ್ಕೆ ಒಡೆಯನಾದವನು ಯಾವನೂ ಇಲ್ಲವೆನ್ನುತ್ತಾನೆ. ರಾಜನಿಗೆ ಅಧೀನನಾಗಿ ಬದುಕಿದ ಶಾಸ್ತ್ರಜ್ಞನು ರಾಜನ ಮುಖದೆದುರಿಗೇ ಹೇಳಿದಂತಿರುವ ಈ ಮಾತಿಗಿಂತ ಧೀರವಾದ ಮಾತು ನಮ್ಮ ಶಾಸ್ತ್ರಗಳಲ್ಲಿ ವಿರಳವೆಂದೇ ನನ್ನ ಭಾವನೆ. ಶಬರಭಾಷ್ಯದ ಹೆಸರನ್ನೇ ಕೇಳಿರದ ಶಿವದಾಸನು ಅದೇ ತತ್ತ್ವವನ್ನು ತನ್ನ ಬಕೀಟುಗಳಿಂದ ಸಾಧಿಸಿ ತೋರಿಸಿದನು. ಕಂಪನಿಯು ಹೊಲಕ್ಕೆ ಒಡೆಯನಾಗಿತ್ತು, ಅದು ದಿಟ. ಹೊಲದ ಗಡಿ ಮುಗಿದ ಕಡೆ ಭೂಮಿಯು ಅವನಿಗೂ ಉಳಿದಿತ್ತು. ಭಾರತೀಯರ ಆಗಮನಕ್ಕೆ 150 ವರ್ಷ ತುಂಬಿದ 1995ರಲ್ಲಿ, ಅವನು ತೀರಿಕೊಂಡು ಬಹುಕಾಲವಾದ ಮೇಲೆ, ಸರ್ಕಾರವೇ ನೆರವಾಗಿ ಆ ದೇವಾಲಯವನ್ನು ಪುನರ್ನಿರ್ಮಿಸಿತು.

ಅದೇ ದ್ವೀಪದ ವಿ. ಎಸ್. ನೈಪಾಲರು 1961ರಲ್ಲಿ ಪ್ರಕಟಿಸಿದ ‘ಎ ಹೌಸ್ ಫಾರ್ ಮಿಸ್ಟರ್ ಬಿಸ್ವಾಸ್’ ಕಾದಂಬರಿಯ ನಾಯಕನೂ ಬಾಳೆಲ್ಲ ಹಂಬಲಿಸುವುದು ತನ್ನದೆಂಬ ಒಂದು ಮನೆಗಾಗಿ. ಕಡೆಗೆ ಅವನು ಕೊಂಡ ಮನೆ ಓರೆಕೋರೆಯದು, ಸಾಲದ್ದು. ಆದರೂ ಅಂಥದೊಂದು ಮನೆಯಿಲ್ಲದೆ ಸತ್ತಿದ್ದರೆ ಎಷ್ಟು ಘೋರವಾಗುತ್ತಿತ್ತೆಂದು ಓದುಗನಿಗೆ ಅನ್ನಿಸುತ್ತದೆ. ಮಮತೆಯನ್ನು ತೊರೆಯಬೇಕೆಂಬ ವೇದಾಂತಿಯ ಉಪದೇಶವು ಸೂರಿಲ್ಲದವನ ಮುಂದೆ ಆಡತಕ್ಕ ಮಾತಲ್ಲ.

ಈಗಿನ ಕಾಲದ ಕ್ರಯ ಬೇರೆಯ ಜಾತಿಯದು. ಸೇಂಟ್ ಕಿಟ್ಸ್ ಮತ್ತು ನೇವಿಸ್ ರಾಷ್ಟ್ರವು 1984ರಲ್ಲಿ ಹಣ ಹೂಡಿದವರಿಗೆ ಪೌರತ್ವವನ್ನು ಕೊಡುವ ಶಾಸನವನ್ನು ಮಾಡಿತು. ಡೊಮಿನಿಕಾ, ಆಂಟಿಗುವಾ, ಗ್ರೆನಾಡಾ, ಸೇಂಟ್ ಲೂಸಿಯಾಗಳು ಆ ದಾರಿಯನ್ನೇ ಹಿಡಿದುವು. 2024ರಲ್ಲಿ ಇವುಗಳ ಪೈಕಿ ನಾಲ್ಕು ರಾಷ್ಟ್ರಗಳು ಎರಡು ಲಕ್ಷ ಡಾಲರಿಗೆ ಕಡಮೆಯಾಗಿ ಪೌರತ್ವವನ್ನು ಕೊಡಬಾರದೆಂದು ತಮ್ಮೊಳಗೆ ಒಪ್ಪಂದ ಮಾಡಿಕೊಂಡವು. ಮನೆಯನ್ನು ಕೊಂಡವನು ಆ ಮನೆಯಲ್ಲಿ ಇರಬೇಕೆಂಬ ನಿಯಮ ಇವುಗಳಲ್ಲಿ ಇರಲಿಲ್ಲವೆಂದರೂ ಸರಿ. ಆಂಟಿಗುವಾದಲ್ಲಿ ಬಹುಕಾಲ ಇದ್ದ ಕಟ್ಟಳೆ ಐದು ವರ್ಷಗಳಲ್ಲಿ ಐದು ದಿನ. ಐದು ದಿನದ ನಿವಾಸಿಗೆ ನೆರೆಯವನ ಹೆಸರು ತಿಳಿದೀತೆ? ಸಣ್ಣ ರಾಷ್ಟ್ರಗಳಿಗೆ ಹಣದ ಅಗತ್ಯವುಂಟು. 2017ರ ಸೆಪ್ಟೆಂಬರಿನ ಮರಿಯಾ ಚಂಡಮಾರುತವು ಡೊಮಿನಿಕಾದ ಮಾಡುಗಳನ್ನು ಕಿತ್ತೊಗೆದ ಮೇಲೆ ಮತ್ತೆ ಮನೆಗಳೆದ್ದುದರಲ್ಲಿ ಈ ಹಣದ ಪಾಲೂ ಉಂಟು. ಮಾರುವವರನ್ನು ನಾನು ದೂಷಿಸಲಾರೆ. ಕೊಳ್ಳುವವನ ವಿಷಯದಲ್ಲಿಯೇ ನನ್ನ ಪ್ರಶ್ನೆ.

ಏಕೆಂದರೆ ಅದೇ ಡೊಮಿನಿಕಾದ ಪೂರ್ವತೀರದಲ್ಲಿ ಮಾರಾಟವಿಲ್ಲದ ನೆಲವೂ ಒಂದಿದೆ. ಕೊಲಂಬಸನು ಬರುವುದಕ್ಕೆ ಮುಂಚೆಯೇ ಆ ದ್ವೀಪಗಳಲ್ಲಿದ್ದ ಕಲಿನಾಗೊ ಜನರ ವಂಶೀಯರಿಗೆಂದು 1903ರಲ್ಲಿ ಗುರುತಿಸಿಟ್ಟ 3,700 ಎಕರೆಯ ಆ ಪ್ರದೇಶದಲ್ಲಿ ಭೂಮಿ ಸಮುದಾಯದ್ದು. ಅವರಲ್ಲಿ ಯಾವನೂ ತಾನು ಉಳುವ ನೆಲವನ್ನು ಹೊರಗಿನವನಿಗೆ ಮಾರಲಾರನು. ಮನೆ ಕಟ್ಟಿ ಬೆಳೆ ಬೆಳೆಯುವವನಿಗೆ ಅದರ ಅನುಭೋಗ. ಜೈಮಿನಿಯ ಸೂತ್ರವು ಶಾಸನವಾಗಿ ನಿಂತಿರುವ ನೆಲ ಅದು. ಅದರಿಂದ ಕೆಲವೇ ಹರಿದಾರಿಯ ಆಚೆಗೆ, ಎಂದೂ ಬಾಗಿಲು ತೆರೆಯದ ಮನೆಯ ಹಕ್ಕುಪತ್ರವೊಂದು ದೂರದ ಯಾವುದೋ ನಗರದ ಪೆಟ್ಟಿಗೆಯಲ್ಲಿದ್ದರೆ, ಆ ಮನೆಯ ಒಡೆಯನಿಗೆ ಕರ್ಮವೂ ಇಲ್ಲ, ಕಡೆಗೆ ಭೋಗವೂ ಇಲ್ಲ. ಪುರಾಣಕಾರನ ಎರಡು ವಿಭಾಗಗಳಲ್ಲಿ ಯಾವುದಕ್ಕೂ ಸೇರದ ಭೂಮಿಯೊಂದನ್ನು ಅವನು ಹೊಸದಾಗಿ ಸೃಷ್ಟಿಸಿದಂತಾಯಿತು. ಅದಕ್ಕಾಗಿ ಅವನು ತೆತ್ತದ್ದೂ ಅಲ್ಪವಲ್ಲ: ಅನ್ಯದೇಶದ ಪೌರತ್ವವನ್ನು ಇಚ್ಛಾಪೂರ್ವಕವಾಗಿ ಪಡೆದವನು 1955ರ ನಮ್ಮ ಪೌರತ್ವ ಕಾಯಿದೆಯಂತೆ ಭಾರತೀಯನಾಗಿ ಉಳಿಯುವುದಿಲ್ಲ. ಕರಾರಿನ ಕೂಲಿಯವನೂ ತನ್ನ ನಾಡನ್ನು ತೆತ್ತನು. ಆದರೆ ಅವನು ಹತ್ತು ಎಕರೆಯನ್ನು ಉತ್ತನು, ಅಲ್ಲಿಯೇ ಮಕ್ಕಳನ್ನು ಬೆಳೆಸಿದನು, ಅಲ್ಲಿಯ ದಡದಲ್ಲಿಯೇ ಬೂದಿಯಾದನು. ವಾಟರ್‌ಲೂವಿನ ಆ ದೇವಾಲಯದ ಮಗ್ಗುಲಲ್ಲಿಯೇ ಹಿಂದೂಗಳ ದಹನಭೂಮಿಯಿದೆ.

ಆದುದರಿಂದ ಸಂಕಲ್ಪದಲ್ಲಿ ಯಾವ ದ್ವೀಪದ ಹೆಸರನ್ನು ಹೇಳಬೇಕೆಂಬುದಕ್ಕೆ ನನ್ನ ಉತ್ತರವಿದು: ನಿಂತ ನೆಲದ ಹೆಸರನ್ನೇ ಹೇಳಲಿ, ಟ್ರಿನಿಡಾಡ್ ಎಂದೇ ಹೇಳಲಿ, ಮಾರಿಯಾನ್ ನದಿಯ ದಡವೆಂದೇ ಹೇಳಲಿ, ಅಲ್ಲಿ ಬಾಳುವ ಮನಸ್ಸಿದ್ದರೆ ದೋಷವಿಲ್ಲ. ಅಲ್ಲಿ ಮನೆಯನ್ನು ಕೊಳ್ಳಬೇಕೆಂದಿರುವ ನಮ್ಮವರಲ್ಲಿ ನನ್ನದೊಂದು ಬಿನ್ನಹ. ಕೊಳ್ಳುವ ಮುನ್ನ ಆ ಊರಿನಲ್ಲಿ ಒಂದು ಮಳೆಗಾಲವನ್ನೂ ಒಂದು ಚಂಡಮಾರುತದ ಋತುವನ್ನೂ ಬಾಡಿಗೆಯ ಮನೆಯಲ್ಲಿ ಕಳೆಯಿರಿ. ನೆರೆಯವರ ಮದುವೆಗೂ ಸಾವಿಗೂ ಹೋಗಿಬನ್ನಿ. ಮಕ್ಕಳನ್ನು ಅಲ್ಲಿಯ ಶಾಲೆಗೆ ಕಳುಹಿಸಲು ಮನಸ್ಸು ಒಪ್ಪುವುದೆ ನೋಡಿಕೊಳ್ಳಿ. ಒಪ್ಪಿದರೆ ಕೊಂಡು, ಅಂಗಳದಲ್ಲಿ ಒಂದು ಝಂಡಿಯನ್ನು ನೆಡಿರಿ. ಒಪ್ಪದಿದ್ದರೆ ಆ ಮನೆಯನ್ನು ಅಲ್ಲಿ ಬಾಳುವವನಿಗೆ ಬಿಟ್ಟುಬಿಡಿ.