ಹೆಪ್ಪು ಕೊಟ್ಟವರ ಋಣ

"ಹೆಪ್ಪಿಗೆ ಸ್ವಲ್ಪ ಮೊಸರು ಕೊಡ್ತೀರಾ?" ಎಂದು ಪಕ್ಕದ ಮನೆಯ ಬಾಗಿಲಲ್ಲಿ ಒಮ್ಮೆಯಾದರೂ ನಿಲ್ಲದ ಹೆಂಗಸು ನಮ್ಮ ಸೀಮೆಯಲ್ಲಿ ಇರಲಾರಳು. ಕೊಡುವವರು ಲೆಕ್ಕ ಇಡುವುದಿಲ್ಲ, ತರುವವರು ಅದು ಎಲ್ಲಿಂದ ಬಂತೆಂದು ವಿಚಾರಿಸುವುದಿಲ್ಲ. ಅವರಿಗೂ ಅದು ಎದುರುಮನೆಯಿಂದ ಬಂದಿರಬಹುದು, ಎದುರುಮನೆಗೆ ಹಿಂದಿನ ಬೀದಿಯಿಂದ. ಹೆಪ್ಪಿನ ವಂಶಾವಳಿ ಬರೆಯಲು ಕೂತರೆ ನಾನು ಪಾಠ ಮಾಡುವ ರಾಜಮನೆತನಗಳ ವಂಶಾವಳಿಗಿಂತ ಉದ್ದವಾದೀತು. ಮೊಸರು ಗಟ್ಟಿಯಾಗಿ ಆದ ದಿನ ಹೆಪ್ಪು ಕೊಟ್ಟವರನ್ನು ಯಾರೂ ನೆನೆಯುವುದಿಲ್ಲ. ಲೋಳೆಯಾಗಿ ಹಾಳಾದ ದಿನ ಮಾತ್ರ "ಯಾರ ಮನೆ ಹೆಪ್ಪೋ ಏನೋ" ಎಂಬ ಮಾತು ಬರುತ್ತದೆ. ಹಾಲು ನಮ್ಮದು, ಹೆಪ್ಪು ಅವರದು. ಕೆಟ್ಟರೆ ಹೊಣೆ ಯಾರದು?

ಅಡಿಗೆಮನೆಯ ಈ ಸಣ್ಣ ಪ್ರಶ್ನೆಯೇ ಇಂದು ಬ್ಯಾಂಕುಗಳ, ಸರ್ಕಾರಗಳ ಬಾಗಿಲಿಗೂ ಬಂದು ನಿಂತಿದೆ ಎಂದರೆ ನಿಮಗೆ ನಗು ಬರಬಹುದು. ನನಗೆ ಇದನ್ನು ತಿಳಿಸಿಕೊಟ್ಟವಳು ದೊಡ್ಡೇರಿಯಲ್ಲಿ ನನ್ನ ತರಗತಿಯ ಎರಡನೇ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗಿ. ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾಳೆ. ಊರಹಬ್ಬಕ್ಕೆ ಬಂದವಳು ನನ್ನನ್ನು ನೋಡಿಕೊಂಡು ಹೋಗಲು ಬಂದಿದ್ದಳು.

"ದಿನವೆಲ್ಲ ಕಂಪ್ಯೂಟರ್ ಮುಂದೆ ಕೂತು ಏನೇ ಬರೀತೀಯ?" ಎಂದು ಕೇಳಿದೆ.

"ಬರೆಯೋದು ಕಮ್ಮಿ ಮಿಸ್, ತರೋದೇ ಜಾಸ್ತಿ" ಎಂದಳು.

ಅವಳು ವಿವರಿಸಿದ್ದು ಹೀಗೆ. ಒಂದು ಸಾಫ್ಟ್‌ವೇರನ್ನು ಯಾರೂ ಮೊದಲಿನಿಂದ ಕೊನೆಯವರೆಗೆ ತಾವೇ ಬರೆಯುವುದಿಲ್ಲ. ದಿನಾಂಕ ಲೆಕ್ಕ ಹಾಕುವುದು, ಗುಟ್ಟಿನ ಮಾತನ್ನು ಸಂಕೇತವಾಗಿಸುವುದು, ದೊಡ್ಡ ಕಡತವನ್ನು ಕುಗ್ಗಿಸುವುದು, ಇಂಥ ಕೆಲಸಗಳನ್ನು ಬೇರೆ ಯಾರೋ ಆಗಲೇ ಬರೆದು ಇಟ್ಟಿರುತ್ತಾರೆ. ಅವುಗಳಿಗೆ ಲೈಬ್ರರಿ ಎನ್ನುತ್ತಾರೆ. ನಮ್ಮ ಗ್ರಂಥಾಲಯವಲ್ಲ, ಸಿದ್ಧ ಸಾಮಾನಿನ ಕಟ್ಟುಗಳು. ಹೆಚ್ಚಿನವು ಪುಕ್ಕಟೆ. ಒಂದು ಕಟ್ಟು ತಂದರೆ ಅದು ಇನ್ನೂ ಹತ್ತನ್ನು ಕರೆತರುತ್ತದೆ, ಆ ಹತ್ತು ಮತ್ತಷ್ಟನ್ನು. ಕೊನೆಗೆ ತನ್ನ ಮನೆಯೊಳಗೆ ಏನೇನು ಸೇರಿದೆ ಎಂಬುದು ತಂದವನಿಗೇ ತಿಳಿಯದು. ಎಲ್ಲೋ ದೂರದ ಒಂದು ಕಟ್ಟಿನಲ್ಲಿ ಸಣ್ಣ ಬಿರುಕಿದ್ದರೂ ಸಾಕು, ಕಳ್ಳನಿಗೆ ಅದೇ ಬಾಗಿಲು.

ಇದು ದೂರದ ಕಥೆಯಲ್ಲ. 2024ರ ಜುಲೈ ಕೊನೆಯಲ್ಲಿ ನಮ್ಮ ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಹಣ ಪಾವತಿ ಸೇವೆ ನಿಂತುಹೋಯಿತು. ಸಹಕಾರಿ ಬ್ಯಾಂಕುಗಳು, ಗ್ರಾಮೀಣ ಬ್ಯಾಂಕುಗಳು. ನಮ್ಮಂಥ ತಾಲ್ಲೂಕುಗಳಲ್ಲಿ ಹೆಂಗಸರು ಹಾಲಿನ ದುಡ್ಡು, ಸಂಘದ ಉಳಿತಾಯ ಇಡುವುದು ಇಂಥ ಕಡೆಯೇ. ಆ ಬ್ಯಾಂಕುಗಳಿಗೆ ಕಂಪ್ಯೂಟರ್ ಸೇವೆ ಒದಗಿಸುತ್ತಿದ್ದ ಸಿ-ಎಡ್ಜ್ ಎಂಬ ಕಂಪನಿಯ ಮೇಲೆ ದಾಳಿಯಾಗಿತ್ತು. ಕಡತಗಳಿಗೆ ಬೀಗ ಜಡಿದು, ಬೀಗ ತೆಗೆಯಲು ಹಣ ಕೇಳುವ ಕಳ್ಳತನ ಅದು. ರೋಗ ಹರಡದಿರಲೆಂದು ರಾಷ್ಟ್ರೀಯ ಪಾವತಿ ನಿಗಮ ಆ ಕಂಪನಿಯನ್ನು ತನ್ನ ಜಾಲದಿಂದ ಬೇರೆ ಇಟ್ಟಿತು. ಮರುದಿನ, ಆಗಸ್ಟ್ 1ರಂದು ಸಂಪರ್ಕ ಮರಳಿತು. ಅಲ್ಲಿಯವರೆಗೆ ಆ ಬ್ಯಾಂಕುಗಳ ಗ್ರಾಹಕರಿಗೆ ಫೋನಿನಲ್ಲಿ ಹಣ ಕಳಿಸಲಾಗಲಿಲ್ಲ, ಎಟಿಎಂನಲ್ಲಿ ತೆಗೆಯಲಾಗಲಿಲ್ಲ.

ಕಳ್ಳ ಒಳಗೆ ಬಂದದ್ದು ಹೇಗೆ? ಬೆಂಗಳೂರಿನಲ್ಲಿ ಕಚೇರಿ ಇರುವ ಕ್ಲೌಡ್‌ಸೆಕ್ ಎಂಬ ಭದ್ರತಾ ಸಂಸ್ಥೆ ಇದರ ಜಾಡು ಹಿಡಿಯಿತು. ಅದರ ವರದಿಯಂತೆ ದಾಳಿ ಶುರುವಾದದ್ದು ಸಿ-ಎಡ್ಜ್‌ನ ಜೊತೆ ಕೆಲಸ ಮಾಡುವ ಇನ್ನೊಂದು ಕಂಪನಿಯಲ್ಲಿ, ಅಲ್ಲಿದ್ದ ಜೆಂಕಿನ್ಸ್ ಎಂಬ ಪುಕ್ಕಟೆ ಸಾಫ್ಟ್‌ವೇರಿನ ಮೂಲಕ. ಜೆಂಕಿನ್ಸ್ ತನ್ನೊಳಗೆ ಆರ್ಗ್ಸ್‌ಫೋರ್‌ಜೆ ಎಂಬ ಲೈಬ್ರರಿಯನ್ನು ಬಳಸುತ್ತದೆ. ಹೊರಗಿನಿಂದ ಬಂದ ಆಜ್ಞೆಯನ್ನು ಬಿಡಿಸಿ ಓದುವುದು ಅದರ ಕೆಲಸ. ಅದರಲ್ಲಿ ಒಂದು ಸೌಕರ್ಯವಿತ್ತು. ಇ-ಮೇಲ್ ವಿಳಾಸದಲ್ಲಿ ಬರುತ್ತದಲ್ಲ, ಆ ಸುರುಳಿ ಗುರುತು, ಅದನ್ನಿಟ್ಟು ಒಂದು ಕಡತದ ಹೆಸರು ಹೇಳಿದರೆ ಕಡತದೊಳಗಿನ ಬರಹವನ್ನೇ ತೆಗೆದುಕೊಂಡು ಬರುತ್ತಿತ್ತು. ಯಾರೋ ಅನುಕೂಲಕ್ಕೆಂದು ಇಟ್ಟದ್ದು. ಅದನ್ನು ಮುಚ್ಚಬೇಕೆಂದು ಜೆಂಕಿನ್ಸ್‌ನವರಿಗೆ ಹೊಳೆದಿರಲಿಲ್ಲ. ಅಪರಿಚಿತರೂ ಆ ಗುರುತಿಟ್ಟು ಗುಟ್ಟಿನ ಕಡತಗಳನ್ನು ಓದಬಹುದಾಗಿತ್ತು. ಇದು ಗೊತ್ತಾಗಿ ಅವರು 2024ರ ಜನವರಿಯಲ್ಲೇ ತೇಪೆ ಹಾಕಿ ಎಲ್ಲರಿಗೂ ತಿಳಿಸಿದರು. ದಾಳಿ ಬಯಲಾದದ್ದು ಜುಲೈನಲ್ಲಿ. ನಡುವೆ ಆರು ತಿಂಗಳು.

2021ರ ಡಿಸೆಂಬರಿನಲ್ಲಿ ಇದಕ್ಕಿಂತ ದೊಡ್ಡ ಗಾಬರಿ ಇಡೀ ಜಗತ್ತಿಗೆ ಹಿಡಿದಿತ್ತು. ಲಾಗ್‌ಫೋರ್‌ಜೆ ಎಂಬ ಲೈಬ್ರರಿಯ ಕೆಲಸ ದಾಖಲೆ ಬರೆಯುವುದು. ಕಚೇರಿಯ ಬಾಗಿಲಲ್ಲಿ ರಿಜಿಸ್ಟರ್ ಇಟ್ಟುಕೊಂಡು ಕೂತ ಗುಮಾಸ್ತನೆಂದುಕೊಳ್ಳಿ. ಬಂದವರು ಹೇಳಿದ್ದನ್ನು ಬರೆದುಕೊಳ್ಳಬೇಕು, ಅಷ್ಟೇ. ಒಬ್ಬ ಬಂದು "ಹೊರಗೆ ನನ್ನ ಗೆಳೆಯ ನಿಂತಿದ್ದಾನೆ, ಅವನು ಹೇಳಿದಂತೆ ಮಾಡು" ಎಂದು ಬರೆಸುತ್ತಾನೆ. ಗುಮಾಸ್ತ ಬರೆದು ಸುಮ್ಮನಾಗದೆ ಎದ್ದುಹೋಗಿ ಹಾಗೆಯೇ ಮಾಡಿಬಿಟ್ಟರೆ? ಲಾಗ್‌ಫೋರ್‌ಜೆ ಹಾಗೆಯೇ ಮಾಡುತ್ತಿತ್ತು. 2013ರಲ್ಲಿ ಸೇರಿಸಿದ ಒಂದು ಸೌಕರ್ಯದ ಫಲ ಅದು. ಎಂಟು ವರ್ಷ ಯಾರ ಕಣ್ಣಿಗೂ ಬೀಳಲಿಲ್ಲ. ಮಕ್ಕಳು ಆಡುವ ಮೈನ್‌ಕ್ರಾಫ್ಟ್ ಆಟದಿಂದ ದೊಡ್ಡ ದೊಡ್ಡ ಕಂಪನಿಗಳ ಯಂತ್ರಗಳವರೆಗೆ ಎಲ್ಲ ಕಡೆ ಅದೇ ಗುಮಾಸ್ತ ಕೂತಿದ್ದ.

ಹುಡುಗಿ ಇಷ್ಟು ಹೇಳಿದ ಮೇಲೆ ನಾನು ಎಲ್ಲರೂ ಕೇಳುವ ಪ್ರಶ್ನೆಯನ್ನೇ ಕೇಳಿದೆ. "ಹಾಗೆ ಬರೆದವರು ಯಾರೇ? ಅವರಿಗೆ ಶಿಕ್ಷೆ ಆಗಲಿಲ್ಲವೇ?"

"ಯಾರಿಗೆ ಶಿಕ್ಷೆ ಮಿಸ್? ಅವರು ಬೆರಳೆಣಿಕೆಯ ಸ್ವಯಂಸೇವಕರು. ಹಗಲು ಬೇರೆ ಕೆಲಸ, ರಾತ್ರಿ ಇದು. ಆಗಲೂ ನಿದ್ದೆಗೆಟ್ಟು ತೇಪೆ ಹಾಕಿದವರು ಅವರೇ. ಬೈಸಿಕೊಂಡವರೂ ಅವರೇ."

ನಮ್ಮಲ್ಲಿ ಒಂದು ಗಾದೆಯಿದೆ: ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ. 2014ರ ಏಪ್ರಿಲ್‌ನಲ್ಲಿ ಓಪನ್‌ಎಸ್‌ಎಸ್‌ಎಲ್ ಎಂಬ ಲೈಬ್ರರಿಯಲ್ಲಿ ತಪ್ಪು ಸಿಕ್ಕಿತು. ಅಂತರ್ಜಾಲದ ಬಹುಪಾಲು ಗುಟ್ಟಿನ ವ್ಯವಹಾರ ಅದರ ಮೇಲೆ ನಿಂತಿತ್ತು. ಆಗ ಹೊರಬಿದ್ದ ಸಂಗತಿ, ಅದಕ್ಕೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್. ಪೂರ್ತಿ ಸಮಯ ಅದನ್ನೇ ನೋಡಿಕೊಳ್ಳುತ್ತಿದ್ದವರು ಒಬ್ಬರೇ ಒಬ್ಬರು. ಅದನ್ನು ಬಳಸಿ ಕೋಟಿ ಕೋಟಿ ಗಳಿಸಿದವರು ಎಷ್ಟು ಮಂದಿಯೋ! ಅನಾಹುತವಾದ ಮೇಲೆ ದೊಡ್ಡ ಕಂಪನಿಗಳು ಒಟ್ಟುಗೂಡಿ ಹಣ ಕೊಡಲು ಮುಂದೆ ಬಂದವು.

ನಮ್ಮ ಶಾಲೆಯ ಸಿಬ್ಬಂದಿ ಕೋಣೆಯಲ್ಲಿ ಈ ವಿಷಯ ತೆಗೆದಾಗ ಸಹೋದ್ಯೋಗಿಯೊಬ್ಬರು ಒಪ್ಪಲಿಲ್ಲ. "ಪುಕ್ಕಟೆ ಕೊಟ್ಟೆ ಅಂದ ಮಾತ್ರಕ್ಕೆ ಹೊಣೆ ತಪ್ಪುತ್ತದೆಯೇ ಮೇಡಂ? ಅನ್ನದಾನ ಮಾಡುವವನೂ ಹಳಸಿದ ಅನ್ನ ಬಡಿಸಬಾರದಲ್ಲ" ಎಂದರು. ಮಾತು ತೂಕದ್ದೇ. ನಾನು ಅದನ್ನು ಬಹಳ ದಿನ ಯೋಚಿಸಿದೆ. ಹಳಸಿದೆ ಎಂದು ತಿಳಿದೂ ಬಡಿಸಿದರೆ ಪಾಪ. ತಿಳಿದ ಕೂಡಲೇ "ಉಣ್ಣಬೇಡಿ" ಎಂದು ಕೂಗಿ ಹೇಳಿದರೆ ಕೊಟ್ಟವನ ಧರ್ಮ ಅಲ್ಲಿಗೆ ಮುಗಿಯಿತು. ಈ ಲೈಬ್ರರಿಗಳ ಜೊತೆ ಬರುವ ಕರಾರಿನಲ್ಲೂ ಅದೇ ಭಾವ ಇರುತ್ತದಂತೆ: ಇದ್ದದ್ದನ್ನು ಇದ್ದ ಹಾಗೆ ಕೊಟ್ಟಿದ್ದೇವೆ, ಕೆಟ್ಟರೆ ನಾವು ಹೊಣೆಯಲ್ಲ. ಆದರೆ ಆ ಅನ್ನವನ್ನು ಪುಕ್ಕಟೆ ತಂದು, ಹೋಟೆಲಿನಲ್ಲಿಟ್ಟು ದುಡ್ಡಿಗೆ ಮಾರಿದವನು? ಅವನು ಮೂಸಿ ನೋಡಬೇಡವೇ? ಕೂಗಿದ್ದು ಕೇಳಿಸಿಯೂ ಆರು ತಿಂಗಳು ಬಡಿಸುತ್ತಲೇ ಇದ್ದರೆ ಅವನನ್ನು ಏನೆನ್ನಬೇಕು? ಗಳಿಕೆ ಎಲ್ಲಿದೆಯೋ ಹೊಣೆಯೂ ಅಲ್ಲಿರಬೇಕೆಂಬುದು ನನ್ನ ತೀರ್ಮಾನ.

ಕೊಡುವವರನ್ನು ಒಂಟಿಯಾಗಿ ಬಿಟ್ಟರೆ ಏನಾಗುತ್ತದೆ ಎಂಬುದನ್ನು 2024ರ ಮಾರ್ಚ್ ತೋರಿಸಿಕೊಟ್ಟಿತು. ಕಡತ ಕುಗ್ಗಿಸುವ ಎಕ್ಸ್‌ಜೆಡ್ ಎಂಬ ಲೈಬ್ರರಿಯನ್ನು ಫಿನ್ಲೆಂಡಿನ ಒಬ್ಬರು ವರ್ಷಗಟ್ಟಲೆ ಸಂಬಳವಿಲ್ಲದೆ ನೋಡಿಕೊಂಡಿದ್ದರು. ಮನಸ್ಸಿನ ಆರೋಗ್ಯ ಸರಿಯಿಲ್ಲ, ಇದು ಹವ್ಯಾಸಕ್ಕೆ ಮಾಡುವ ಕೆಲಸ ಎಂದು ಅವರು ಹೇಳಿಕೊಂಡರೂ "ಬೇಗ ಮಾಡಿ, ಆಗದಿದ್ದರೆ ಬೇರೆಯವರಿಗೆ ಬಿಡಿ" ಎಂದು ಪೀಡಿಸಿದವರಿದ್ದರು. ಆ ಹೊತ್ತಿಗೆ ಜಿಯಾ ಟಾನ್ ಎಂಬ ಹೆಸರಿನ ಒಬ್ಬ ಸಹಾಯಕನಾಗಿ ಬಂದ. ಎರಡು ವರ್ಷಕ್ಕೂ ಹೆಚ್ಚು ಕಾಲ ವಿನಯದಿಂದ ಕೆಲಸ ಮಾಡಿ ನಂಬಿಕೆ ಗಳಿಸಿದ. ಕೊನೆಗೆ ಕಳ್ಳಬಾಗಿಲೊಂದನ್ನು ಒಳಗೆ ಅಡಗಿಸಿದ. ಅವನು ನಿಜಕ್ಕೂ ಯಾರೆಂದು ಬಯಲಾಗಿಲ್ಲ. ಅದು ಎಲ್ಲೆಡೆ ಹರಡುವ ಮೊದಲೇ ಕಂಡುಹಿಡಿದವರು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್. ಅವರಿಗೆ ಸಿಕ್ಕ ಸುಳಿವು ಏನು ಗೊತ್ತೇ? ಕಂಪ್ಯೂಟರಿನೊಳಗೆ ಪ್ರವೇಶಿಸಲು ಎಂದಿಗಿಂತ ಅರ್ಧ ಸೆಕೆಂಡು ತಡವಾದದ್ದು. ಒಗ್ಗರಣೆಯ ಸದ್ದಿನಲ್ಲೇ ಎಣ್ಣೆ ಕಾದಿಲ್ಲವೆಂದು ತಿಳಿಯುವ ನಮ್ಮ ಹೆಂಗಸರಿಗೆ ಆ ಅರ್ಧ ಸೆಕೆಂಡಿನ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ.

ಫಿನ್ಲೆಂಡಿನ ಆ ದಣಿದ ಮನುಷ್ಯನ ಕಥೆ ಕೇಳಿದಾಗ ನನಗೆ ಎಷ್ಟೋ ಮನೆಗಳ ಹೆಂಗಸರು ನೆನಪಾದರು. ನಲವತ್ತು ವರ್ಷ ಮನೆ ನಡೆಸಿದವಳ ಕೆಲಸ ಕಣ್ಣಿಗೆ ಬೀಳುವುದು ಉಪ್ಪು ಹೆಚ್ಚಾದ ದಿನ ಮಾತ್ರ. "ಸುಸ್ತಾಗಿದೆ" ಎಂದರೆ "ನೀನೇನು ಮಾಡ್ತೀಯ ದಿನವೆಲ್ಲ?" ಎಂಬ ಉತ್ತರ. ನೆಚ್ಚಿಕೊಂಡವರು ಬಹಳ, ವಿಚಾರಿಸಿಕೊಂಡವರು ಇಲ್ಲ. ಹಾಗೆ ನಿಂತ ಮನೆ ಗಟ್ಟಿಯಾಗಿ ಕಂಡರೂ ಒಳಗೆ ಟೊಳ್ಳು.

ಇದಕ್ಕೆ ದಾರಿಯೇ ಇಲ್ಲವೇ? ನಮ್ಮ ಹಳಬರು ಒಂದು ದಾರಿ ಕಂಡಿದ್ದರು. ನಮ್ಮ ಊರಿನ ಹೆಸರಿನಲ್ಲೇ ಏರಿ ಇದೆ. ಮಳೆ ಕಮ್ಮಿಯಾದ ಈ ಸೀಮೆಯಲ್ಲಿ ಕೆರೆಯೇ ಜೀವ. ಮೇಲಿನ ಕೆರೆಯ ಕೋಡಿ ಬಿದ್ದ ನೀರು ಕೆಳಗಿನ ಕೆರೆಗೆ. ಮೇಲಿನ ಏರಿ ಒಡೆದರೆ ಕೆಳಗಿನ ಊರಿಗೂ ಆಪತ್ತು. ಅದಕ್ಕೇ ಊರ ಹನ್ನೆರಡು ಆಯಗಾರರಲ್ಲಿ ನೀರಗಂಟಿಯೂ ಒಬ್ಬ. ತೂಬು ತೆಗೆದು ಮುಚ್ಚುವುದು, ಗದ್ದೆಗಳಿಗೆ ಸರದಿಯಂತೆ ನೀರು ಬಿಡುವುದು, ಏರಿಯಲ್ಲಿ ನೀರು ಜಿನುಗಿದರೆ ಊರಿಗೆ ತಿಳಿಸುವುದು ಅವನ ಕೆಲಸ. ಸುಗ್ಗಿಯಲ್ಲಿ ಪ್ರತಿ ಕಣದಿಂದಲೂ ಅವನಿಗೆ ಧಾನ್ಯದ ಪಾಲು ಸಲ್ಲಬೇಕಿತ್ತು. ಆ ಪದ್ಧತಿಯಲ್ಲಿ ಜಾತಿಯ ಮುಳ್ಳು ಇತ್ತು, ಅದನ್ನು ನಾನು ಹೊಗಳಲಾರೆ. ಆದರೆ ನೀರು ಕುಡಿದವರೆಲ್ಲ ಏರಿ ಕಾಯುವವನಿಗೆ ಪಾಲು ಕೊಡಬೇಕೆಂಬ ತಿಳುವಳಿಕೆ ಮುಖ್ಯವಾದದ್ದು. ಆ ಪಾಲು ಭಿಕ್ಷೆಯಾಗಿರಲಿಲ್ಲ, ಹಕ್ಕಾಗಿತ್ತು.

ನಮ್ಮ ಸರ್ಕಾರದ ಸರ್ಟ್-ಇನ್ ಎಂಬ ಸೈಬರ್ ಭದ್ರತಾ ಸಂಸ್ಥೆ 2024ರ ಅಕ್ಟೋಬರಿನಲ್ಲಿ ಒಂದು ಮಾರ್ಗಸೂಚಿ ಹೊರಡಿಸಿತು. ಬಿಸ್ಕತ್ತಿನ ಪೊಟ್ಟಣದ ಮೇಲೆ ಒಳಗೇನಿದೆ ಎಂದು ಬರೆದಿರುವಂತೆ, ಒಂದು ಸಾಫ್ಟ್‌ವೇರಿನೊಳಗೆ ಯಾವ ಯಾವ ಲೈಬ್ರರಿಗಳಿವೆ ಎಂಬ ಪಟ್ಟಿ ಇಡಬೇಕು ಎಂಬುದು ಅದರ ಸಾರ. ಒಳ್ಳೆಯದೇ. ಪಟ್ಟಿಯಿದ್ದರೆ ಕೆಟ್ಟ ಸುದ್ದಿ ಬಂದ ದಿನ ನಮ್ಮ ಮನೆಯಲ್ಲಿ ಅದಿದೆಯೋ ಇಲ್ಲವೋ ಎಂದು ಹುಡುಕಿ ಸಾಯಬೇಕಾಗಿಲ್ಲ. ಆದರೆ ಪಟ್ಟಿಯಲ್ಲಿ ಹೆಸರು ಬರೆದರೆ ಋಣ ತೀರಿದಂತಾಗದು. ಆ ಹೆಸರಿನ ಹಿಂದೆ ಒಬ್ಬ ಮನುಷ್ಯನಿದ್ದಾನೆಯೇ, ಅವನು ಉಂಡನೇ, ಮಲಗಿದನೇ ಎಂದು ಕೇಳುವವರೂ ಬೇಕು.

ನಾವು ಲೈಬ್ರರಿ ಬರೆಯುವವರಲ್ಲ, ಕಂಪನಿ ನಡೆಸುವವರೂ ಅಲ್ಲ. ಆದರೂ ನಮ್ಮ ಪಾಲಿಗೆ ಒಂದು ಸಣ್ಣ ಕರ್ತವ್ಯ ಉಳಿದಿದೆ. ಫೋನಿನಲ್ಲಿ ಆಗಾಗ "ಅಪ್‌ಡೇಟ್ ಮಾಡಿ" ಎಂಬ ಸೂಚನೆ ಬರುತ್ತದಲ್ಲ, ಅದನ್ನು ಕಾಟವೆಂದು ಬದಿಗೆ ಸರಿಸುವವರೇ ಹೆಚ್ಚು. ಹಲವು ಸಲ ಅದರೊಳಗಿರುವುದು ಇಂಥದೇ ಒಂದು ತೇಪೆ. ನಾವು ಎಂದೂ ನೋಡದ ಊರಿನಲ್ಲಿ ಯಾರೋ ಒಬ್ಬರು ರಾತ್ರಿ ಎದ್ದು ಕೂತು ಹೊಲಿದದ್ದು. ಇನ್ನು ಮೇಲೆ ಆ ಸೂಚನೆ ಬಂದಾಗ ಅಂದೇ ಒಪ್ಪಿಸಿಕೊಳ್ಳಿ.