ಪಕ್ಕದ ಸೀಟು

ಶಹಾಬಾದಿನ ಗೆಳೆಯನೊಬ್ಬ ಕಾರು ನೋಡೋಣ ಬಾ ಎಂದು ಕಲಬುರಗಿಗೆ ಕರೆದುಕೊಂಡು ಹೋದ. ಅವನ ಮನೆಯಲ್ಲಿ ಎರಡು ತಲೆಮಾರಿನಿಂದ ಫರ್ಸಿ ಕಲ್ಲಿನ ವ್ಯಾಪಾರ. ಇವನಿಗೆ ಮಾತ್ರ ವೇಗದ ಹುಚ್ಚು. ನಿಜವಾದ ಸ್ಪೋರ್ಟ್ಸ್ ಕಾರು ಅವನ ಕೈಗೂ ಎಟುಕದು, ಸಿಮೆಂಟ್ ಲಾರಿಗಳು ಅರೆದುಹಾಕಿದ ನಮ್ಮ ರಸ್ತೆಗೂ ಒಗ್ಗದು. ಅದರ ಹತ್ತಿರದ ನೆಂಟ ಎಂದು ಅವನು ಆರಿಸಿಕೊಂಡದ್ದು ಹ್ಯುಂಡೈ ಐ20 ಎನ್ ಲೈನ್. ಒಂದು ಲೀಟರಿನ ಟರ್ಬೊ ಇಂಜಿನ್, 120 ಪಿಎಸ್ ಶಕ್ತಿ. ಎನ್6, ಎನ್8 ಎಂದು ಎರಡು ವೇರಿಯಂಟು.

ಟೆಸ್ಟ್ ಡ್ರೈವಿಗೆ ಇದ್ದದ್ದು ಎನ್8 ಮಾತ್ರ. "ಎನ್6 ಓಡ್ಸಿ ನೋಡ್ಬೇಕಲ್ರಿ" ಎಂದ ಗೆಳೆಯ. "ಎರಡಕ್ಕೂ ಇಂಜಿನ್ ಒಂದೇ ಅದ ರೀ ಸರ್, ಓಡ್ಸೂದ್ರಾಗ ಏನೂ ಫರಕ್ ಇಲ್ಲ" ಎಂದ ಶೋರೂಮಿನ ಹುಡುಗ. ಚಿಂಚೋಳಿ ಕಡೆಯವನು, ಮಾತು ಮೆತ್ತಗೆ. ರಿಂಗ್ ರಸ್ತೆಯಲ್ಲಿ ಗೆಳೆಯ ಕಾಲೂರಿದಾಗ ಬೆನ್ನು ಸೀಟಿಗೆ ಅಂಟಿಕೊಂಡಿತು. ಖುಷಿಯಾಯಿತು, ಸುಳ್ಳೇಕೆ ಹೇಳಲಿ.

ಆದರೆ ಹೋಲಿಕೆ ಶುರುವಾದದ್ದು ಇಳಿದ ಮೇಲೆ, ಕಾಗದದ ಮೇಲೆ. ಎನ್8ರಲ್ಲಿ 10.25 ಇಂಚಿನ ಪರದೆ, ಬೋಸ್ ಕಂಪನಿಯ ಏಳು ಸ್ಪೀಕರು. ಎನ್6ರ ಪರದೆ ಚಿಕ್ಕದು, ಬೋಸ್ ಇಲ್ಲ. ಇದ್ದುದಕ್ಕೆ ಒಂದು ಚುಕ್ಕೆ, ಇಲ್ಲದ್ದಕ್ಕೆ ಒಂದು ಸಣ್ಣ ಗೀಟು. ಆರು ಏರ್‌ಬ್ಯಾಗ್ ಮಾತ್ರ, 2023ರ ಸೆಪ್ಟೆಂಬರಿನಲ್ಲಿ ಬಂದ ಈ ಹೊಸ ರೂಪದಲ್ಲಿ, ಎರಡಕ್ಕೂ ಇವೆ. ಗೆಳೆಯ ಆ ಸಾಲನ್ನು ಓದದೆ ದಾಟಿದ. ನನ್ನ ಕಣ್ಣು ಅಲ್ಲೇ ನಿಂತಿತು.

ಅಣ್ಣ 2013ರಲ್ಲಿ ಸೇಡಂನಲ್ಲಿ ಕೊಂಡ ಸಣ್ಣ ಕಾರಿನ ಪಟ್ಟಿಯಲ್ಲಿ ಆ ಜಾಗದಲ್ಲಿದ್ದದ್ದು ಗೀಟು. ಏರ್‌ಬ್ಯಾಗ್ ಬೇಕಿದ್ದರೆ ಮೇಲಿನ ವೇರಿಯಂಟಿಗೆ ಹೋಗಬೇಕಿತ್ತು. ಹೋಗಲಿಲ್ಲ. ಉಳಿದ ದುಡ್ಡು ನನ್ನ ಪಿಯುಸಿ ಹಾಸ್ಟೆಲ್ಲಿಗೆ ಹೋಯಿತೆಂದು ನನಗೆ ತಿಳಿದದ್ದು ಬಹಳ ತಡವಾಗಿ.

ಅಲಂಕಾರಶಾಸ್ತ್ರ ಓದುವವನ ಚಟ, ನನಗೆ ಮಳಖೇಡ ನೆನಪಾಗುತ್ತದೆ. ಸೇಡಂ ತಾಲ್ಲೂಕಿನ ಆ ಊರಿನಲ್ಲಿ, ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷನ ಆಸ್ಥಾನದಿಂದ ಬಂದ 'ಕವಿರಾಜಮಾರ್ಗ' ಮೊದಲ ಪರಿಚ್ಛೇದದಲ್ಲೇ ದೋಷಗಳ ವಿಚಾರ ಎತ್ತಿಕೊಳ್ಳುತ್ತದೆ. ಅಲಂಕಾರಗಳ ವಿವರ ಎರಡು ಮತ್ತು ಮೂರನೆಯದರಲ್ಲಿ. ಮುಂದೆ ಮಮ್ಮಟ ಅಲಂಕಾರವನ್ನು ಮೈಮೇಲಿನ ಹಾರಕ್ಕೆ ಹೋಲಿಸಿದ. ಹಾರ ತೆಗೆದಿಟ್ಟರೆ ಮನುಷ್ಯ ಸಾಯುವುದಿಲ್ಲ. ಬೋಸ್ ಸ್ಪೀಕರು ಹಾರವೇ ಸರಿ. ಕಾರಿನ ಪಟ್ಟಿಯಲ್ಲಿ ದೋಷಕ್ಕೊಂದು ಪರಿಚ್ಛೇದವೇ ಇಲ್ಲ. ಅಲ್ಲಿ ಜೀವ ಕಾಯುವ ಚೀಲವೂ ಹಾರದ ಸಾಲಿನಲ್ಲೇ ನಿಲ್ಲುತ್ತದೆ, ಅದರ ಗೈರುಹಾಜರಿ ಹಾಡು ಕೇಳದಿದ್ದಷ್ಟೇ ಸಣ್ಣದಾಗಿ ಕಾಣುತ್ತದೆ.

2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಭಾರತದ ಐದು ಸಣ್ಣ ಕಾರುಗಳ ಕೆಳಗಿನ ವೇರಿಯಂಟುಗಳನ್ನು ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಗುದ್ದಿಸಿ ನೋಡಿತು. ಐದಕ್ಕೂ ಸೊನ್ನೆ ನಕ್ಷತ್ರ. ಅವುಗಳಲ್ಲಿ ಒಂದಾದ ಪೋಲೊ, ಎರಡು ಏರ್‌ಬ್ಯಾಗ್ ಇದ್ದ ರೂಪದಲ್ಲಿ, ನಾಲ್ಕು ನಕ್ಷತ್ರ ಪಡೆಯಿತು. ಕಾನೂನು ನಿಧಾನವಾಗಿ ಬಂತು. 2019ರ ಜುಲೈನಿಂದ ಚಾಲಕನ ಏರ್‌ಬ್ಯಾಗ್ ಕಡ್ಡಾಯ. ಮಾರಾಟದಲ್ಲಿದ್ದ ಎಲ್ಲ ಕಾರುಗಳ ಪಕ್ಕದ ಸೀಟಿಗೂ ಅದು ಕಡ್ಡಾಯವಾದದ್ದು 2021ರ ಕೊನೆಗೆ. ನಡುವಿನ ಎರಡೂವರೆ ವರ್ಷ, ಓಡಿಸುವ ಮಗ ಕಡ್ಡಾಯ, ಪಕ್ಕದಲ್ಲಿ ಕೂತ ಅವ್ವ ಐಚ್ಛಿಕ!

ಕೊಳ್ಳುವವನೇ ಆರಿಸಿಕೊಂಡನಲ್ಲ, ತಪ್ಪು ಯಾರದು ಎನ್ನಬಹುದು. ನಾನೂ ಹಾಗೇ ಅಂದುಕೊಳ್ಳುತ್ತಿದ್ದೆ. ಆದರೆ ಪರದೆಯನ್ನು ಮುಟ್ಟಿ ನೋಡಬಹುದು, ಸ್ಪೀಕರು ಕೇಳಿ ನೋಡಬಹುದು. ಏರ್‌ಬ್ಯಾಗನ್ನು ಯಾವ ಟೆಸ್ಟ್ ಡ್ರೈವಿನಲ್ಲೂ ಪರೀಕ್ಷಿಸಲಾಗದು. ಪರೀಕ್ಷೆಗೆ ಸಿಗದ್ದನ್ನು ಮೊದಲು ಬಿಟ್ಟುಕೊಡುವುದು ಬಡವನ ಮನಸ್ಸು ಮಾತ್ರವಲ್ಲ, ಎಲ್ಲರ ಮನಸ್ಸೂ. ಅದು ಗೊತ್ತಿದ್ದೇ ಅದನ್ನು ಆಯ್ಕೆಯ ಪಟ್ಟಿಗೆ ಸೇರಿಸಿದವರನ್ನು ನಾನು ಸುಲಭವಾಗಿ ಬಿಡಲಾರೆ.

ಅವತ್ತು ಅಣ್ಣ ಅವ್ವನ ಕಣ್ಣು ತೋರಿಸಲು ಅದೇ ಕಾರಿನಲ್ಲಿ ಕಲಬುರಗಿಗೆ ಬಂದಿದ್ದ. ಗೆಳೆಯ ಎನ್8ಕ್ಕೆ ಮುಂಗಡ ಕೊಟ್ಟ. ಅವನನ್ನು ಶಹಾಬಾದಿನಲ್ಲಿ ಇಳಿಸಿ ವಾಡಿ, ಚಿತ್ತಾಪುರದ ಮೇಲೆ ಸೇಡಂಗೆ ಹೊರಟೆವು. ವಾಡಿ ದಾಟುವಾಗ ಎದುರಿನಿಂದ ಸಿಮೆಂಟ್ ಟ್ಯಾಂಕರುಗಳ ಸಾಲು. ಗಾಜಿನ ಮೇಲೆ ಬೂದು ಧೂಳು. ನಾನು ಮೆಲ್ಲಗೆ ಏರ್‌ಬ್ಯಾಗಿನ ಮಾತೆತ್ತಿದೆ.

"ಅದಕ್ಕ ಮೊದಲ ಬೈಕ್ ಮ್ಯಾಗ ಮೂರ್ ಮಂದಿ ಹೋಗ್ತಿದ್ವಿ. ನೆನಪದ ಇಲ್ಲೋ? ಅದಕ್ಕಿಂತ ಇದು ಪಾಡ ಆಗಲಿಲ್ಲೇನು?" ಎಂದ ಅಣ್ಣ, ರಸ್ತೆಯಿಂದ ಕಣ್ಣು ತೆಗೆಯದೆ.

ಪಾಡವೇ. ಕಡ್ಡಾಯ ಮಾಡಿ ಬೆಲೆ ಏರಿಸಿದ್ದರೆ ನಾವು ಇನ್ನೂ ಐದು ವರ್ಷ ಬೈಕಿನ ಮೇಲೆ ಇರುತ್ತಿದ್ದೆವೇನೋ. ಈ ಮಾತಿಗೆ ನನ್ನ ಬಳಿ ಇವತ್ತಿಗೂ ಪೂರ್ತಿ ಉತ್ತರವಿಲ್ಲ. ಕೆಟ್ಟದ್ದು ಮತ್ತು ಇನ್ನೂ ಕೆಟ್ಟದ್ದರ ನಡುವೆ ಅವನು ಸರಿಯಾಗಿಯೇ ಆರಿಸಿದ. ಹಾಸ್ಟೆಲ್ಲಿನ ವಿಷಯ ಅವನು ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಚಿತ್ತಾಪುರದಲ್ಲಿ ಚಹಾಕ್ಕೆ ನಿಂತಾಗ ಅವ್ವನಿಗೆ ಹೇಳಿದೆ: "ನೀ ಹಿಂದ ಕೂಡವ್ವ, ನಾ ಮುಂದ ಕೂಡ್ತೀನಿ."

"ಹಿಂದ ಕುಂತ್ರ ನಂಗ ಹೊಟ್ಟಿ ತೊಳಸ್ತದಪ್ಪ" ಎಂದು ಅವ್ವ ಸೆರಗು ಸರಿಮಾಡಿಕೊಂಡು ಮುಂದಿನ ಸೀಟಿನಲ್ಲೇ ಕೂತಳು. ನಾನು ಬಗ್ಗಿ ಬೆಲ್ಟ್ ಎಳೆದು ಸಿಕ್ಕಿಸಿದೆ.