ಗಾಡಿಯ ಹಿಂದಿನ ಜನ್ಮ, ನಮ್ಮ ಇಂದಿನ ಎಚ್ಚರ



*ಇಂದಿನ ಚಿಂತನೆ: ಅಪ್ಪಮಾದ, ಅಂದರೆ ಎಚ್ಚರ*

ಬಂಧುಗಳೇ, ನಮ್ಮ ಬಳಗದ ಒಬ್ಬ ತಮ್ಮ ಕೇಳಿದ ಪ್ರಶ್ನೆ ಇದು: "ಸೆಕೆಂಡ್ ಹ್ಯಾಂಡ್ ಕಾರು ತಗೊಂಡಿದ್ದೀನಿ. ಟೈಮಿಂಗ್ ಬೆಲ್ಟು ಹೋದ ವರ್ಷವೇ ಹಾಕ್ಸಿದ್ದೀನಿ ಅಂತ ಮಾರಿದವರು ಹೇಳಿದ್ರು. ಬಿಲ್ಲು ಇಲ್ಲ. ಗಾಡಿ ಚೆನ್ನಾಗೇ ಓಡ್ತಿದೆ. ಮತ್ತೆ ದುಡ್ಡು ಹಾಕಬೇಕಾ?"

ಇದನ್ನು ಮೆಕ್ಯಾನಿಕ್ಕಿಗೆ ಕೇಳು ಎಂದು ಕೆಲವರು ನಕ್ಕರು. ನನಗೆ ಇದು ಧಮ್ಮದ ಪ್ರಶ್ನೆಯೇ ಅನ್ನಿಸಿತು. ಇನ್ನೂ ಆಗದ, ಕಣ್ಣಿಗೆ ಕಾಣದ ಕೆಡುಕಿಗಾಗಿ ಇವತ್ತೇ ಹಣ ಕೊಡಬೇಕೇ? ಹಿಂದೆ ಏನಾಗಿದೆಯೋ ತಿಳಿಯದಿದ್ದಾಗ ನಂಬಿ ಸುಮ್ಮನಿರಬಹುದೇ? ಇವು ನಾವು ದಿನಾ ಎದುರಿಸುವ ಪ್ರಶ್ನೆಗಳು.

ಮೊದಲು ವಿಷಯ ತಿಳಿಯೋಣ. ಎಂಜಿನ್ನಿನ ಒಳಗೆ ಪಿಸ್ಟನ್ನು ಮೇಲೆ ಕೆಳಗೆ ಓಡುತ್ತದೆ. ಅದರ ನೆತ್ತಿಯ ಮೇಲೆ ವಾಲ್ವುಗಳು ಬಾಗಿಲಿನಂತೆ ತೆರೆದು ಮುಚ್ಚುತ್ತವೆ. ಪಿಸ್ಟನ್ನು ಮೇಲೆ ಬರುವ ಹೊತ್ತಿಗೆ ಬಾಗಿಲು ಸರಿದಿರಬೇಕು. ಈ ಎರಡನ್ನೂ ತಾಳ ತಪ್ಪದಂತೆ ಕಟ್ಟಿ ಹಿಡಿದಿರುವುದೇ ಟೈಮಿಂಗ್ ಬೆಲ್ಟು, ಹಲ್ಲುಗಳಿರುವ ಒಂದು ರಬ್ಬರ್ ಪಟ್ಟಿ. ಎಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗುವಾಗ ಒಂದೊಂದು ವಾಲ್ವೂ ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತದೆ. ಆಗ ಬೆಲ್ಟು ಹರಿದರೆ ವಾಲ್ವುಗಳು ಇದ್ದಲ್ಲೇ ನಿಂತುಬಿಡುತ್ತವೆ, ಪಿಸ್ಟನ್ನು ಬಂದು ಬಡಿಯುತ್ತದೆ. ಎಲ್ಲ ಎಂಜಿನ್ನುಗಳಲ್ಲೂ ಹೀಗಾಗುವುದಿಲ್ಲ, ಆದರೆ ಅನೇಕವುಗಳಲ್ಲಿ ಆಗುತ್ತದೆ. ಕೆಲವು ಸಾವಿರದಲ್ಲಿ ಮುಗಿಯುತ್ತಿದ್ದ ಕೆಲಸ ಹತ್ತಾರು ಸಾವಿರಕ್ಕೆ ಹೋಗುತ್ತದೆ.

ಬ್ರೇಕು ಸವೆದರೆ ಕೀರಲು ದನಿ ಬರುತ್ತದೆ. ಟೈರು ಸವೆದರೆ ಕಣ್ಣಿಗೆ ಕಾಣುತ್ತದೆ. ಬೆಲ್ಟು ಮಾತ್ರ ಮುಚ್ಚಳದ ಹಿಂದೆ ಕೂತಿರುತ್ತದೆ. ಬಹಳ ಸಲ ಹರಿಯುವ ಗಳಿಗೆಯವರೆಗೂ ಸದ್ದೇ ಮಾಡುವುದಿಲ್ಲ. "ಗಾಡಿ ಚೆನ್ನಾಗೇ ಓಡ್ತಿದೆ" ಎಂಬುದು ಅದಕ್ಕೇ ಇಲ್ಲಿ ಸಾಕ್ಷಿಯಾಗದು.

ಬೂದಿಗೆರೆಯವರಿಗೆ ಇದು ದೂರದ ಮಾತಲ್ಲ. 2008ರಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ, ಹಳೇ ಮದ್ರಾಸ್ ರಸ್ತೆಯ ಬೂದಿಗೆರೆ ಕ್ರಾಸಿನಿಂದ ನಮ್ಮೂರ ಮೇಲೆ ಹಾದು ದೇವನಹಳ್ಳಿ ಕಡೆಗೆ ಹೋಗುವವರು ಹೆಚ್ಚಾದರು. ನಮ್ಮ ಹುಡುಗರು ಸಾಲ ಮಾಡಿ ಹಳೇ ಕಾರು ಕೊಂಡು ಬಾಡಿಗೆಗೆ ಬಿಟ್ಟರು. ಒಂದು ಕಾರಿನ ಮೇಲೆ ಒಂದು ಮನೆ ನಿಂತಿದೆ. ಎಂಜಿನ್ನು ಹೋದರೂ ಸಾಲದ ಕಂತು ನಿಲ್ಲುವುದಿಲ್ಲ. ಓಡುವಾಗಲೇ ಎಂಜಿನ್ನು ಸತ್ತರೆ ಪವರ್ ಸ್ಟೇರಿಂಗು ಬಿಗಿಯಾಗುತ್ತದೆ, ಎರಡು ಮೂರು ಸಲ ಒತ್ತಿದ ಮೇಲೆ ಬ್ರೇಕೂ ಕಲ್ಲಿನಂತಾಗುತ್ತದೆ. ಹಿಂದೆ ಲಾರಿ ಇರುತ್ತದೆ. ಒಳಗೆ ಬೇರೆಯವರ ಮಕ್ಕಳಿರುತ್ತಾರೆ. ಅದರಿಂದ ಇದು ಬರೀ ನಮ್ಮ ಜೇಬಿನ ವಿಚಾರವಲ್ಲ.

*ಹಾಗಾದರೆ ಯಾವಾಗ ಬದಲಿಸಬೇಕು?*

ಮೊದಲು ನಿಮ್ಮ ಎಂಜಿನ್ನಿನಲ್ಲಿ ಬೆಲ್ಟು ಇದೆಯೋ ಚೈನು ಇದೆಯೋ ಕೇಳಿ. ಮಾರುತಿ 800, ಹಳೇ ಸ್ಯಾಂಟ್ರೊ, ವೆರಿಟೊ ಡೀಸೆಲ್, ಡಸ್ಟರ್ ಡೀಸೆಲ್ ಇವುಗಳಲ್ಲಿ ಬೆಲ್ಟು. ಸ್ವಿಫ್ಟ್ ಡೀಸೆಲ್‌ನಲ್ಲಿ ಚೈನು. ಬೆಲ್ಟಿದ್ದರೆ ಗಾಡಿಯ ಕೈಪಿಡಿ ನೋಡಿ. ಎಂಜಿನ್ನಿಗೆ ತಕ್ಕಂತೆ ಸಾಮಾನ್ಯವಾಗಿ 60,000ದಿಂದ 1,00,000 ಕಿಲೋಮೀಟರು, ಇಲ್ಲವೇ ನಾಲ್ಕೈದು ವರ್ಷ ಎಂದಿರುತ್ತದೆ. ಕೆಲವಕ್ಕೆ ಇನ್ನೂ ಹೆಚ್ಚು. ಎರಡರಲ್ಲಿ ಯಾವುದು ಮೊದಲು ಬರುತ್ತದೋ ಅದೇ ಲೆಕ್ಕ.

ಓಡದ ಗಾಡಿಗೂ ವರ್ಷದ ಲೆಕ್ಕ ಏಕೆ? ಹೋದ ವರ್ಷ ಮೇಜಿನ ಡ್ರಾಯರಿನಲ್ಲಿ ಬಿಟ್ಟ ರಬ್ಬರ್ ಬ್ಯಾಂಡನ್ನು ಈ ವರ್ಷ ಎಳೆದು ನೋಡಿ. ಯಾರೂ ಬಳಸಿಲ್ಲ, ಆದರೂ ಪಟ್ಟೆಂದು ಹರಿಯುತ್ತದೆ. ಮೀಟರಿನ ಲೆಕ್ಕವನ್ನೂ ಪೂರಾ ನಂಬಬೇಡಿ. ಏಸಿ ಹಾಕಿಕೊಂಡು ಬಾಡಿಗೆಗೆ ಕಾಯುವ ಗಾಡಿಯ ಮೀಟರು ನಿಂತಿರುತ್ತದೆ, ಬೆಲ್ಟು ತಿರುಗುತ್ತಲೇ ಇರುತ್ತದೆ. ಮೀಟರನ್ನು ಹಿಂದಕ್ಕೆ ತಿರುಗಿಸುವವರೂ ಇದ್ದಾರೆ. ಎಣ್ಣೆ ಸೋರಿ ಬೆಲ್ಟು ನೆನೆದಿದ್ದರೆ ಅವಧಿಗೆ ಕಾಯಲೇಬಾರದು. ಬದಲಿಸುವಾಗ ಟೆನ್ಷನರನ್ನೂ ಬದಲಿಸಿ. ನೀರಿನ ಪಂಪು ಆ ಬೆಲ್ಟಿನಿಂದಲೇ ತಿರುಗುವುದಾದರೆ ಅದನ್ನೂ ನೋಡಿಸಿ. ಬಿಚ್ಚುವ ಕೂಲಿ ಒಂದೇ.

ಬಿಲ್ಲಿಲ್ಲ, ಎಂಜಿನ್ನಿನ ಬಳಿ ಬದಲಿಸಿದ ದಿನದ ಚೀಟಿಯೂ ಇಲ್ಲ ಎಂದರೆ? ಬದಲಿಸಿಲ್ಲ ಎಂದೇ ತಿಳಿದು ಬದಲಿಸಿ. ಆ ದಿನ ಬರೆದಿಟ್ಟುಕೊಳ್ಳಿ. ಲೆಕ್ಕ ಅಲ್ಲಿಂದ ಶುರುವಾಗಲಿ.

*ಇದರಲ್ಲಿ ಧಮ್ಮ ಎಲ್ಲಿದೆ?*

ನಮ್ಮ ಹಿರಿಯರಿಗೆ ಹೇಳಿಕೊಟ್ಟ ಮಾತು ಗೊತ್ತಲ್ಲ: ಹಿಂದಿನ ಜನ್ಮದ ಕರ್ಮ, ಅನುಭವಿಸು. ಆ ಜನ್ಮವನ್ನು ನೋಡಿದವರಿಲ್ಲ, ಅದಕ್ಕೆ ಬಿಲ್ಲಿಲ್ಲ. ಆದರೂ ಅದರ ಹೆಸರಲ್ಲಿ ಕೇರಿ ಬೇರೆಯಾಯಿತು, ಬಾವಿ ಬೇರೆಯಾಯಿತು. ಬಾಬಾಸಾಹೇಬರು ತಮ್ಮ ಬುದ್ಧ ಮತ್ತು ಆತನ ಧಮ್ಮ ಗ್ರಂಥದಲ್ಲಿ ಇದನ್ನು ಒಪ್ಪಲಿಲ್ಲ. ಬಡವರ ಇಂದಿನ ಸ್ಥಿತಿಗೆ ಹಿಂದಿನ ಜನ್ಮವನ್ನು ಕಾರಣ ಮಾಡಿದರೆ, ಸಮಾಜ ಮತ್ತು ಸರ್ಕಾರ ಹೊಣೆಯಿಂದ ನುಣುಚಿಕೊಳ್ಳುತ್ತವೆ ಎಂದು ಅವರು ಕಂಡಿದ್ದರು.

ನಿಜವಾಗಿ ಹಿಂದಿನ ಜನ್ಮ ಇರುವುದು ಸೆಕೆಂಡ್ ಹ್ಯಾಂಡ್ ಕಾರಿಗೇ! ಎಷ್ಟನೇ ಮಾಲೀಕ ಎಂದು ಆರ್‌ಸಿಯಲ್ಲೇ ಬರೆದಿರುತ್ತದೆ. ಅಂಥ ಗಾಡಿಯ ವಿಷಯದಲ್ಲೂ ಒಳ್ಳೆಯ ಮೆಕ್ಯಾನಿಕ್ಕು ಹಿಂದಿನದನ್ನು ಊಹಿಸುತ್ತ ಕೂರುವುದಿಲ್ಲ. ತಿಳಿಯದ್ದನ್ನು ತಿಳಿಯದು ಎಂದು ಒಪ್ಪಿ, ಇಂದು ಮಾಡಬಹುದಾದ್ದನ್ನು ಮಾಡುತ್ತಾನೆ. "ಹಣೇಲಿ ಬರೆದಂಗೆ ಆಗುತ್ತೆ" ಎನ್ನುವವರೂ, "ಮಾರಿದವರು ಹೇಳಿದ್ದಾರಲ್ಲ" ಎನ್ನುವವರೂ ತಮ್ಮ ಇಂದಿನ ಕೆಲಸವನ್ನು ಯಾವುದೋ ನಿನ್ನೆಯ ಮೇಲೆ ಹಾಕುತ್ತಿದ್ದಾರೆ.

ಅಷ್ಟಾಂಗ ಮಾರ್ಗದ ಸಮ್ಯಕ್ ವ್ಯಾಯಾಮದಲ್ಲಿ ನಾಲ್ಕು ಪ್ರಯತ್ನಗಳಿವೆ. ಮೊದಲನೆಯದೇ, ಇನ್ನೂ ಹುಟ್ಟದ ಕೆಡುಕು ಹುಟ್ಟದಂತೆ ನೋಡಿಕೊಳ್ಳುವುದು. ಹುಟ್ಟಿದ ಕೆಡುಕನ್ನು ನೀಗುವುದು ಎರಡನೆಯದು. ಅವು ಮನಸ್ಸಿನ ಕುರಿತ ಮಾತುಗಳು, ಆದರೆ ಮನಸ್ಸಿನ ಎಚ್ಚರ ಕೈಗೆ ಇಳಿಯಬೇಕಲ್ಲವೇ? ಭಿಕ್ಖುವಿನ ಬಳಿ ಇರಬೇಕಾದ ಎಂಟು ವಸ್ತುಗಳಲ್ಲಿ ಸೂಜಿಯೂ ಇದೆ, ನೀರು ಸೋಸುವ ಬಟ್ಟೆಯೂ ಇದೆ. ಚೀವರ ಚೂರು ಹರಿದಾಗಲೇ ಹೊಲಿ. ನೀರಲ್ಲಿ ಹುಳು ಕಾಣದಿದ್ದರೂ ಸೋಸು. ಎಲ್ಲವನ್ನೂ ತ್ಯಜಿಸಿದವರೂ ಈ ಎಚ್ಚರವನ್ನು ತ್ಯಜಿಸಲಿಲ್ಲ.

ಇಲ್ಲಿ ಒಂದು ಕಷ್ಟವಿದೆ. ಎಚ್ಚರಕ್ಕೂ ದುಡ್ಡು ಬೇಕು. ಮಗಳ ಶಾಲೆ ಫೀಸು ಕಟ್ಟಬೇಕಾದ ತಿಂಗಳಲ್ಲಿ ಬೆಲ್ಟನ್ನು ಮುಂದಕ್ಕೆ ಹಾಕಿದವನನ್ನು ಸೋಮಾರಿ ಎನ್ನುವುದು ಅನ್ಯಾಯ. ಅವನಿಗೆ ಉಪದೇಶಕ್ಕಿಂತ ದಾರಿ ಬೇಕು. ಕೊಳ್ಳುವ ಮೊದಲೇ ಬೆಲ್ಟಿನ ಖರ್ಚನ್ನು ಗಾಡಿಯ ಬೆಲೆಯಲ್ಲಿ ಸೇರಿಸಿ ಚೌಕಾಸಿ ಮಾಡಬಹುದು. ಈಗಾಗಲೇ ಕೊಂಡಿದ್ದರೆ ದಿನದ ದುಡಿಮೆಯಲ್ಲಿ ಇಷ್ಟೆಂದು ತೆಗೆದಿಟ್ಟು ಒಂದು ತಾರೀಕು ಗೊತ್ತು ಮಾಡಬಹುದು. ಅಲ್ಲಿಯವರೆಗೆ ದೂರದ ಬಾಡಿಗೆ ಬೇಡ. ಅಷ್ಟೂ ಆಗದಿದ್ದರೆ ಬಳಗದಲ್ಲಿ ಕೇಳಿ. ಕೈಸಾಲ ಕೇಳುವುದು ಅವಮಾನವಲ್ಲ. ಸಂಘಂ ಶರಣಂ ಎಂದು ಹೇಳುವ ನಾವು ಇಂಥದ್ದಕ್ಕೆ ಒದಗದಿದ್ದರೆ ಆ ಮಾತಿಗೆ ಅರ್ಥವೇನು?

ಎಚ್ಚರ ಬೇರೆ, ಭಯ ಬೇರೆ. ಮೆಕ್ಯಾನಿಕ್ಕು ಹೇಳಿದ್ದೆಲ್ಲ ಬದಲಿಸುವುದು ಎಚ್ಚರವಲ್ಲ. ಕಾಲಾಮರಿಗೆ ಭಗವಾನರು ಹೇಳಿದ ರೀತಿಯನ್ನು ಇಲ್ಲೂ ನೆನೆಯೋಣ. ಹೇಳಿದವರು ಯಾರೆಂದು ನೋಡಿ ನಂಬದೆ, ನಾವೇ ವಿಚಾರಿಸಿ ಒಪ್ಪಬೇಕು. ಕೈಪಿಡಿ ಓದಿ, ಇನ್ನೊಬ್ಬರನ್ನು ಕೇಳಿ, ತೆಗೆದ ಹಳೇ ಬೆಲ್ಟನ್ನು ಕೈಗೆ ಕೊಡಿ ಎನ್ನಿ.

ಮಾರುವವರಿಗೂ ಒಂದು ಮಾತು. ನಾಲ್ಕನೇ ಶೀಲ ಬರೀ ಬಾಯಿಂದ ಸುಳ್ಳು ಹೇಳದಿರುವುದಕ್ಕೆ ಮುಗಿಯುವುದಿಲ್ಲ. ಬೆಲ್ಟಿನ ಅವಧಿ ಮುಗಿದಿದೆ ಎಂದು ಗೊತ್ತಿದ್ದೂ, ಕೊಳ್ಳುವವನು ಕೇಳಲಿಲ್ಲವೆಂದು ಸುಮ್ಮನಿದ್ದರೆ ಆ ಮೌನವೂ ಸುಳ್ಳಿನ ಕೆಲಸ ಮಾಡುತ್ತದೆ. ಐದು ಸಾವಿರ ಕಡಿಮೆ ಬಂದರೂ ಪರವಾಗಿಲ್ಲ, ಹೇಳಿ ಮಾರೋಣ.

ಹೊಸ ಬೆಲ್ಟು ಹಾಕಿಸಿದ ಮೇಲೆ ಏನಾಗುತ್ತದೆ? ಏನೂ ಆಗುವುದಿಲ್ಲ. ಗಾಡಿ ನಿನ್ನೆಯಂತೆಯೇ ಓಡುತ್ತದೆ. ದುಡ್ಡು ದಂಡವಾಯಿತೇನೋ ಎಂದೂ ಅನಿಸುತ್ತದೆ. ತಪ್ಪಿದ ಅಪಘಾತಕ್ಕೆ ಸಾಕ್ಷಿ ಇರುವುದಿಲ್ಲ, ಅದನ್ನು ತಪ್ಪಿಸಿದವರಿಗೆ ಹಾರವೂ ಇಲ್ಲ. 1943ರ ದಾಮೋದರ ಪ್ರವಾಹದ ನಂತರ, ವೈಸರಾಯ್ ಮಂಡಲಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದ ಬಾಬಾಸಾಹೇಬರು ದಾಮೋದರ ಕಣಿವೆ ಯೋಜನೆಗಾಗಿ ದುಡಿದರು. ಅಣೆಕಟ್ಟು ತಡೆದ ಪ್ರವಾಹ ಯಾರ ಕಣ್ಣಿಗೂ ಬೀಳುವುದಿಲ್ಲ, ಅದಕ್ಕೇ ಆ ಕೆಲಸವನ್ನು ನೆನೆಯುವವರು ಕಡಿಮೆ. ಫಲ ಕಾಣದಿದ್ದರೂ ಮಾಡಬೇಕಾದ್ದನ್ನು ಮಾಡುವುದು ಎಷ್ಟು ಕಷ್ಟವೋ ಅಷ್ಟೇ ಮುಖ್ಯ. ಪರಿನಿಬ್ಬಾಣದ ಹೊತ್ತಿನಲ್ಲಿ ಭಗವಾನರು ಕೊನೆಯದಾಗಿ ನೆನಪಿಸಿದ್ದು, ಕೂಡಿದ್ದೆಲ್ಲ ಸವೆಯುತ್ತದೆ ಎಂಬುದನ್ನು ಮತ್ತು ಎಚ್ಚರದಿಂದಿರಿ ಎಂಬುದನ್ನು. ಮೊದಲನೆಯದನ್ನು ಕೇಳಿ ಕೈಚೆಲ್ಲಿ ಕೂರುವವರಿಗೆ ಎರಡನೆಯದು ಉತ್ತರ.

*ಇಂದಿನ ಅಭ್ಯಾಸ*

ಆಯುಧಪೂಜೆಗೆ ಊರವರು ಗಾಡಿಗೆ ಕುಂಬಳಕಾಯಿ ಒಡೆದು, ಚಕ್ರದಡಿ ನಿಂಬೆಹಣ್ಣು ಇಡುತ್ತಾರೆ. ಅವರನ್ನು ಹಂಗಿಸುವುದು ಬೇಡ. ಮನೆಯವರು ಕ್ಷೇಮವಾಗಿ ಬರಲಿ ಎಂಬ ಆಸೆ ಅವರಿಗೂ ನಮಗೂ ಒಂದೇ. ನಾವು ಅಶೋಕ ವಿಜಯದಶಮಿಯಂದು, 1956ರ ಅಕ್ಟೋಬರ್ 14ರ ದೀಕ್ಷೆಯನ್ನು ನೆನೆಯುವ ದಿನ, ವರ್ಷಕ್ಕೊಮ್ಮೆ ಬಾನೆಟ್ ತೆರೆಯೋಣ. ಬೆಲ್ಟಿನ ತಾರೀಕು, ಟೈರು, ಬ್ರೇಕು ನೋಡಿ ಒಂದು ಪುಸ್ತಕದಲ್ಲಿ ಬರೆಯೋಣ. ಈ ವರ್ಷ ಅಲ್ಲಿಯವರೆಗೂ ಕಾಯಬೇಡಿ. ನಿಮ್ಮ ಗಾಡಿಯ ಬೆಲ್ಟು ಯಾವಾಗ ಬದಲಾಗಿದೆ ಎಂದು ಇವತ್ತೇ ಹುಡುಕಿ. ಗಾಡಿ ಇಲ್ಲದವರು, ಮನೆಯ ಗ್ಯಾಸ್ ಪೈಪಿನ ಮೇಲಿನ ತಾರೀಕು ನೋಡಿ.

ಭವತು ಸಬ್ಬ ಮಂಗಲಂ. 🌸